ತಾರಸಿಗೂ ಒಂದು ಕಂಬಳಿ

ಗುಬ್ಬಿಯ ಓದುಗ ಸಹೋದರಿಯೊಬ್ಬರು ಪುಷ್ಯ ಮಾಸದಲ್ಲಿ ಬರೆದ ಪತ್ರ ನನ್ನ ಮುಂದಿದೆ. ಅಜ್ಜನ ಕಾಲದ ಹೆಂಚಿನ ಮನೆಯನ್ನು ಬಿಚ್ಚಿ ಅದೇ ನಿವೇಶನದಲ್ಲಿ ತಾರಸಿಯ ಮನೆ ಕಟ್ಟಿ ಮೂರು ವರ್ಷವಾಯಿತಂತೆ. ಎಂಬತ್ತು ದಾಟಿದ ಮಾವನವರು ಚಳಿಗಾಲದ ರಾತ್ರಿ ಎರಡು ಕಂಬಳಿ ಹೊದ್ದರೂ ನಡುಗುತ್ತಾರೆ. ಚೈತ್ರ ಬಂದರೆ ಅದೇ ಕೋಣೆಯಲ್ಲಿ ಸೆಕೆ ತಾಳಲಾರದೆ ಜಗಲಿಗೆ ಬಂದು ಮಲಗುತ್ತಾರೆ. ಹೀಟರ್ ತರೋಣವೆಂದು ಯಜಮಾನರು. ಹಳೆಯ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮಂಚದ ಬಳಿ ಇಡಿ, ಸಾಕು ಎಂದು ಮಾವನವರು. ಏನು ಮಾಡುವುದು ತಿಳಿಸಿ ಎಂದು ಆ ತಾಯಿ ಕೇಳಿದ್ದಾರೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನಿಗೆ ತಾರಸಿಯ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸೀತು. ಆದರೆ ಮನೆಯ ಹಿರಿಯರು ನಿದ್ರೆಗೆಟ್ಟು ಕುಳಿತಿರುವಾಗ ಇದು ನನ್ನ ಶಾಸ್ತ್ರವಲ್ಲವೆಂದು ಪತ್ರವನ್ನು ಮಡಿಸಿಡುವುದು ಸರಿಯಲ್ಲ. ತಿಳಿದವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಕೆಂಡದ ಮಾತು, ಏಕೆಂದರೆ ಅದು ಪ್ರಾಣದ ಪ್ರಶ್ನೆ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿರುವುದರಿಂದ ಅಪಾಯವಿಲ್ಲವೆಂದು ನಾವು ನಂಬುತ್ತೇವೆ. ರಕ್ತವು ಪ್ರಾಣವಾಯುವನ್ನು ಹೊರುವ ಜಾಗವನ್ನು ಆ ಅನಿಲ ಆಕ್ರಮಿಸುತ್ತದೆ. ಮೊದಲು ತಲೆನೋವು, ಅನಂತರ ಮಂಪರು, ಮಲಗಿದವರಿಗಾದರೋ ಆ ಮಂಪರು ನಿದ್ರೆಯಂತೆಯೇ ತೋರುತ್ತದೆ. ನಮ್ಮ ನಾಡಿನಲ್ಲಿಯೂ ಚಳಿಗೆಂದು ಬಾಗಿಲು ಮುಚ್ಚಿ ಇದ್ದಿಲಿನ ಒಲೆಯಿಟ್ಟು ಮಲಗಿದ ಕುಟುಂಬಗಳು ಬೆಳಗ್ಗೆ ಏಳದೆ ಹೋದ ಪ್ರಸಂಗಗಳು ನಡೆದಿವೆ. ಹಳೆಯ ಮನೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದರಲ್ಲವೇ ಎಂದು ಮಾವನವರು ಕೇಳಬಹುದು. ಇಡುತ್ತಿದ್ದರು, ನಿಜ. ಆ ಮನೆಯಲ್ಲಿ ಹೆಂಚಿನ ಸಂದುಗಳಿದ್ದವು, ಬೆಳಕಿಂಡಿಯಿತ್ತು, ಗಾಳಿ ತಾನಾಗಿ ಆಡುತ್ತಿತ್ತು. ಇಂದಿನ ಕೋಣೆಗೆ ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ಆದ್ದರಿಂದ ಕೋಣೆಯೊಳಗೆ ಕೆಂಡ ಬೇಡ, ಖಂಡಿತ ಬೇಡ. ಸ್ನಾನದ ಮನೆಯ ಒಳಗೆ ಗ್ಯಾಸ್ ಗೀಸರ್ ಇಟ್ಟವರಿಗೂ ಇದೇ ಮಾತು. ಅದನ್ನು ಹೊರಗೋಡೆಗೆ ಹಾಕಿಸಿ, ಬಿಸಿನೀರನ್ನು ಮಾತ್ರ ನಳಿಗೆಯಲ್ಲಿ ಒಳಗೆ ತನ್ನಿ.

ಇನ್ನು ಮುಖ್ಯ ಪ್ರಶ್ನೆ. ಒಂದೇ ಕೋಣೆ ಪುಷ್ಯದಲ್ಲಿ ಕೊರೆಯುವುದೂ ಚೈತ್ರದಲ್ಲಿ ಬೇಯುವುದೂ ಹೇಗೆ? ಇವೆರಡೂ ಬೇರೆ ಬೇರೆ ರೋಗಗಳಲ್ಲ, ಒಂದೇ ರೋಗದ ಎರಡು ಲಕ್ಷಣಗಳು. ರೋಗವಿರುವುದು ಮಾಡಿನಲ್ಲಿ.

ತುಮಕೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲು. ಚಳಿಗಾಲದ ರಾತ್ರಿ ಇಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಬೇಸಿಗೆಯ ಮಧ್ಯಾಹ್ನ 36-37ಕ್ಕೆ ಏರುತ್ತದೆ. ಹಿಮ ಬೀಳುವ ದೇಶದವರಿಗೆ 15 ಡಿಗ್ರಿ ಚಳಿಯೇ ಅಲ್ಲ. ಆದರೆ ಮುಪ್ಪಿನಲ್ಲಿ ದೇಹ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಕುಂದುತ್ತದೆಯಾಗಿ ವೃದ್ಧರಿಗೆ ಅದು ಚಳಿಯೇ. ಬೇಸಿಗೆಯಲ್ಲಿ ನಡುನೆತ್ತಿಯ ಸೂರ್ಯನಿಗೆ ನೇರವಾಗಿ ಮೈಯೊಡ್ಡುವುದು ಗೋಡೆಯಲ್ಲ, ಮಾಡು. ಚಳಿಗಾಲದ ತಿಳಿರಾತ್ರಿಯಲ್ಲಿ ಆಕಾಶದ ಕಡೆಗೆ ತನ್ನ ಶಾಖವನ್ನೆಲ್ಲ ಸುರಿದು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದೂ ಮಾಡೇ. ಬೆಳಗಿನ ಜಾವ ತಾರಸಿಯ ಮೇಲೆ ಇಬ್ಬನಿ ಕಟ್ಟುವುದು ಇದರಿಂದಲೇ. ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟು ಶಾಖಕ್ಕೆ ತೆರೆದ ಬಾಗಿಲಿದ್ದಂತೆ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಒಳಗೆ ಇಳಿಸುತ್ತದೆ. ರಾತ್ರಿ ಒಳಗಿನ ಬೆಚ್ಚನೆಯನ್ನು ಹೊರಗೆ ಕಳಿಸುತ್ತದೆ.

ಪೂರ್ವಿಕರ ಮನೆಗಳನ್ನು ನೆನೆಯಿರಿ. ಶಿರಾ, ಪಾವಗಡ, ಮಧುಗಿರಿಗಳ ಕಡೆ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಕಡ್ಡಿಯ ಹಾಸು, ಅದರ ಮೇಲೆ ದಪ್ಪನಾಗಿ ಚೌಳುಮಣ್ಣು ಹಾಕಿ ದಮ್ಮಸು ಮಾಡಿದ ಮಾಳಿಗೆ. ಕಲ್ಲುಚಪ್ಪಡಿ ಹೊದಿಸಿದವರು ಕೂಡ ಚಪ್ಪಡಿಯನ್ನು ಬೆತ್ತಲೆ ಬಿಡದೆ ಮೇಲೆ ಮಣ್ಣು, ಗಾರೆ ಹಾಕುತ್ತಿದ್ದರು. ಗುಬ್ಬಿ, ತಿಪಟೂರುಗಳ ತೆಂಗಿನ ಸೀಮೆಯಲ್ಲಿ ಹೆಂಚಿನ ಕೆಳಗೆ ಅಟ್ಟವಿತ್ತು. ಉಂಡೆಕೊಬ್ಬರಿಗೆಂದು ಕಾಯಿಗಳನ್ನು ಆ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತಿದ್ದರು. ಹೆಂಚಿಗೂ ಮಲಗಿದವರ ತಲೆಗೂ ನಡುವೆ ಸಾವಿರಾರು ಕಾಯಿ, ಅವುಗಳ ನಾರು, ನಾರಿನ ಎಡೆಯಲ್ಲಿ ನಿಂತ ಗಾಳಿ. ಕೊಬ್ಬರಿಗೆಂದು ಇಟ್ಟದ್ದು ಮನೆಗೆ ಹೊದಿಕೆಯೂ ಆಯಿತು. ಈಗ ಅಟ್ಟ ಹೋಗಿ ತೋಟದಲ್ಲಿ ಶೆಡ್ಡು ಬಂದಿದೆ. ಕೊಬ್ಬರಿಗೆ ಶೆಡ್ಡಾಯಿತು, ಅಜ್ಜನ ತಲೆಯ ಮೇಲೆ ಮಾತ್ರ ಬರಿಯ ಸಿಮೆಂಟು.

ಹಳೆಯದೆಲ್ಲ ಚೆನ್ನವೆಂದು ನಾನು ಹೇಳುತ್ತಿಲ್ಲ. ಆ ಮಾಳಿಗೆಗಳು ಸೋರುತ್ತಿದ್ದವು, ತೊಲೆಗೆ ಗೆದ್ದಲು ಹತ್ತುತ್ತಿತ್ತು, ನಡುಮನೆಯಲ್ಲಿ ಹಗಲೂ ದೀಪ ಬೇಕಾಗುತ್ತಿತ್ತು, ಅಡುಗೆಯ ಹೊಗೆಯಲ್ಲಿ ನಮ್ಮ ತಾಯಂದಿರು ಕಣ್ಣು ಕಳೆದುಕೊಂಡರು. ಕಾಂಕ್ರೀಟು ತಪ್ಪಲ್ಲ. ಅದರ ಮೇಲೆ ಹಾಕಬೇಕಾದ ಹೊದಿಕೆಯನ್ನು ಮರೆತದ್ದು ತಪ್ಪು.

ಹೊದಿಕೆಯ ತತ್ತ್ವ ನಮಗೆ ಹೊಸದಲ್ಲ. ಕುರಿಯ ಕಂಬಳಿಗೆ ಸ್ವಂತ ಬಿಸಿಯಿಲ್ಲ. ಉಣ್ಣೆಯ ಎಳೆಗಳ ನಡುವೆ ಅದು ಗಾಳಿಯನ್ನು ಅಲುಗದಂತೆ ಹಿಡಿಯುತ್ತದೆ, ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ನಿಂತ ಗಾಳಿಯು ಶಾಖವನ್ನು ಸಾಗಿಸುವ ವೇಗ ಕಾಂಕ್ರೀಟಿನದಕ್ಕಿಂತ ಸುಮಾರು 60 ಪಟ್ಟು ಕಡಿಮೆ. ಹುಲ್ಲು, ಸೋಗೆ, ನಾರು, ಹತ್ತಿ, ಥರ್ಮಾಕೋಲ್ ಎಲ್ಲವೂ ಗಾಳಿಯನ್ನು ಬಂಧಿಸುವ ಬೇರೆ ಬೇರೆ ಉಪಾಯಗಳು. ಮಣ್ಣಿನ ಗುಣ ಇದಕ್ಕಿಂತ ಭಿನ್ನ. ಅದು ಶಾಖವನ್ನು ಪೂರ್ತಿ ತಡೆಯುವುದಿಲ್ಲ, ತನ್ನೊಳಗೆ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ರಾಗಿ ತುಂಬುತ್ತಿದ್ದ ಹಗೇವನ್ನು ಕಂಡವರಿಗೆ ಇದು ತಿಳಿದಿದೆ. ನೆಲದಾಳದಲ್ಲಿ ಬೇಸಿಗೆ ಚಳಿಗಾಲಗಳ ಭೇದ ಬಹಳ ಕಡಿಮೆ. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದಕ್ಕೆ ಅದೂ ಒಂದು ಕಾರಣ.

ಈ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯುಂಟು. ನಮ್ಮವರೇ ಅದನ್ನು ಮರೆತಿದ್ದಾರೆ. 1973ರಲ್ಲಿ ಅರಬ್ ರಾಷ್ಟ್ರಗಳ ತೈಲದ ಬೆಲೆ ಏಕಾಏಕಿ ಏರಿದಾಗ ಶೀತದೇಶಗಳು ಎಚ್ಚೆತ್ತು ಮನೆಗಳ ಗೋಡೆ ಮಾಡುಗಳಿಗೆ ಗಾಜಿನ ಉಣ್ಣೆ ತುಂಬುವ ಕೆಲಸವನ್ನು ಚುರುಕುಗೊಳಿಸಿದವು. ಅದೇ ಹೊತ್ತಿಗೆ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮಗಳಿಗಾಗಿ ವಿಜ್ಞಾನವನ್ನು ಬಳಸುವ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅದರ ವಿಸ್ತರಣಾ ಕೇಂದ್ರಕ್ಕೆ ಅವರು ಆರಿಸಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು. ಉಂಗ್ರ, ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮನುಷ್ಯರ ದುಡಿಮೆ ಎಂದು ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ, ಆ ಸೌದೆಯ ಬಹುಪಾಲು ಅಡುಗೆಯ ಒಲೆಗೆ, ಅದರ ನಂತರದ ದೊಡ್ಡ ಪಾಲು ಸ್ನಾನದ ನೀರಿಗೆ ಹೋಗುತ್ತಿತ್ತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಸೇರಿ, ಉಳಿದದ್ದು ಗಾಳಿಪಾಲು. ಸುತ್ತ ಮಣ್ಣಿನಿಂದ ಮುಚ್ಚಿ, ಮೂರು ಪಾತ್ರೆ ಕೂರಿಸಿ, ಹೊಗೆಕೊಳವೆ ಇಟ್ಟ ‘ಅಸ್ತ್ರ ಒಲೆ’ ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಶೇಕಡಾ 30ಕ್ಕೂ ಹೆಚ್ಚು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಅದೇ ವಿಭಾಗದ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ರೂಢಿಗೆ ತಂದರು. ಬೆಂಗಳೂರಿನಲ್ಲಿ ಸಿರಿವಂತರು ಇಂದು ಅದೇ ಮಣ್ಣಿನ ಇಟ್ಟಿಗೆಯಿಂದ ಮನೆ ಕಟ್ಟಿಸಿ ಸಂತೋಷಪಡುತ್ತಾರೆ. ಕುಣಿಗಲ್ಲಿನವರು ಮಾತ್ರ ಮಣ್ಣೆಂದರೆ ಬಡತನದ ಗುರುತೆಂದು ಮೂಗು ಮುರಿಯುತ್ತಾರೆ!

ಇರಲಿ, ಕಟ್ಟಿ ಮುಗಿದ ತಾರಸಿಗೆ ಏನು ಮಾಡಬಹುದೆಂದು ನೋಡೋಣ. ಹೊಸದಾಗಿ ಕಟ್ಟುವವರಿಗೂ ಇದು ಅನ್ವಯಿಸುತ್ತದೆ.

ಕೆಲವರು ಉತ್ಸಾಹದಿಂದ ತಾರಸಿಯ ಮೇಲೆ ಮಣ್ಣು ಸುರಿಯಲು ಹೊರಡುತ್ತಾರೆ. ಹಾಗೆ ಮಾಡಬೇಡಿ. ಅರ್ಧ ಅಡಿ ದಪ್ಪ ಮಣ್ಣು ಹಾಕಿದರೆ ಒಂದು ಚದರಕ್ಕೆ ಎರಡು ಟನ್ನಿಗೂ ಮಿಕ್ಕಿ ಭಾರವಾಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಸಾಮಾನ್ಯ ತಾರಸಿಯನ್ನು ಆ ಭಾರಕ್ಕೆಂದು ಲೆಕ್ಕ ಹಾಕಿರುವುದಿಲ್ಲ. ಹಳೆಯ ಮಾಳಿಗೆಯ ಕೆಳಗೆ ಒತ್ತೊತ್ತಾಗಿ ತೊಲೆ ಕಂಬಗಳಿದ್ದವೆಂಬುದನ್ನು ಮರೆಯಬಾರದು. ಅದರ ಬದಲು ಗಟ್ಟಿ ಜಾತಿಯ ಥರ್ಮಾಕೋಲ್ ಹಲಗೆಯನ್ನು ಎರಡು ಅಂಗುಲ ದಪ್ಪಕ್ಕೆ ಹಾಸಬಹುದು. ಒಂದು ಚದರಕ್ಕೆ ಬೇಕಾದಷ್ಟನ್ನು ಒಬ್ಬನೇ ಹೊತ್ತು ಮೇಲೇರಿಸಬಹುದು. ಅದು ತಡೆಯುವಷ್ಟು ಶಾಖವನ್ನು ತಡೆಯಲು ಕಾಂಕ್ರೀಟಾದರೆ ಏಳು ಅಡಿ ದಪ್ಪ ಬೇಕು. ಮೊದಲು ತಾರಸಿಗೆ ನೀರು ಇಳಿಯದಂತೆ ಲೇಪ, ಅದರ ಮೇಲೆ ಈ ಹಲಗೆ, ಅದರ ಮೇಲೆ ಇಳಿಜಾರು ಕೊಟ್ಟ ತೆಳು ಗಾರೆ, ಕೊನೆಗೆ ಬಿಳಿಯ ಹೆಂಚುಬಿಲ್ಲೆ. ಬಿಲ್ಲೆಯ ಚೂರುಗಳಾದರೂ ಸರಿಯೇ. ಕೆಳಗೆ ದಾಟುವ ಶಾಖ ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಹೊದಿಕೆ ತಾರಸಿಯ ಮೇಲಿರುವುದೇ ಮೇಲು. ಆಗ ಕಾಂಕ್ರೀಟು ಕಂಬಳಿಯ ಒಳಗಿದ್ದಂತಾಗಿ, ಹಗಲು ಕೋಣೆಯಲ್ಲಿದ್ದ ಬೆಚ್ಚನೆಯನ್ನು ರಾತ್ರಿಗೆ ಉಳಿಸಿಕೊಡುತ್ತದೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ಹೊರಡಿಸಿದ ‘ಇಕೋ ನಿವಾಸ ಸಂಹಿತೆ’ ವಾಸದ ಮನೆಯ ಮಾಡಿನಿಂದ ಎಷ್ಟು ಶಾಖ ದಾಟಬಹುದೆಂದು ಮಿತಿ ಹಾಕಿದೆ. ಬರಿಯ ತಾರಸಿಯಿಂದ ದಾಟುವುದು ಆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು.

ಅಷ್ಟು ಖರ್ಚಿಗೆ ಅನುಕೂಲವಿಲ್ಲದವರು ಬೇಸಿಗೆಗೆ ಮುನ್ನ ತಾರಸಿಗೆ ಸುಣ್ಣ ಬಳಿಯಬಹುದು. ಸೆಕೆಗೆ ಒಳ್ಳೆಯ ಗುಣ ಕೊಡುತ್ತದೆ, ಚಳಿಗೆ ಅಲ್ಲ. ತಾರಸಿಯ ಮೇಲೆ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಈಗ ತುಮಕೂರಿನಲ್ಲಿ ಎಲ್ಲೆಲ್ಲೂ ಕಾಣುತ್ತದೆ. ನಡುವೆ ಗಾಳಿಯಾಡುವಂತಿದ್ದರೆ ಹಗಲು ಅದು ಕೊಡೆ, ರಾತ್ರಿ ತಾರಸಿಯ ಶಾಖ ನೇರವಾಗಿ ಆಕಾಶಕ್ಕೆ ಹೋಗದಂತೆ ತಡೆಯುವ ಮರೆ. ಪಶ್ಚಿಮದ ಗೋಡೆಗೆ ಒಂದು ಹೊಂಗೆಯ ಮರ ಸಾಕು. ಹೊಸದಾಗಿ ಕಟ್ಟುವವರು ತಾರಸಿ ಎರಕ ಹಾಕುವಾಗಲೇ ಕೆಳಭಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಕಾಂಕ್ರೀಟು ಉಳಿಸಬಹುದು. ಕೇರಳದಲ್ಲಿ ಲಾರಿ ಬೇಕರ್ ಅವರು ಈ ಕ್ರಮದಲ್ಲಿ ಬಹಳ ಮನೆಗಳನ್ನು ಕಟ್ಟಿದರು. ಬಿಚ್ಚಿದ ಮನೆಯ ಹೆಂಚನ್ನು ಗುಜರಿಗೆ ಕೊಡುವ ಮುನ್ನ ಇದನ್ನು ಯೋಚಿಸಿ.

ಇನ್ನು ಯಜಮಾನರ ಹೀಟರ್. 1000 ವಾಟ್‌ನ ಹೀಟರ್ ರಾತ್ರಿ ಎಂಟು ಗಂಟೆ ಉರಿದರೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿ ಬಂದ 2023ರಿಂದ ಬಿಲ್ಲೇ ಬರುವುದಿಲ್ಲವಲ್ಲ, ಉಳಿಸುವುದೇಕೆ ಎನ್ನುವವರುಂಟು. ಆ ಯೋಜನೆಯ ಮಿತಿ ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಆಸುಪಾಸಿನದು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಹೀಟರ್ ಒಂದೇ ಆ ಗೆರೆಯನ್ನು ದಾಟಿಸಿಬಿಡುತ್ತದೆ. ಮೇಲಾಗಿ ಹೊದಿಕೆಯಿಲ್ಲದ ತಾರಸಿಯ ಕೆಳಗೆ ಹೀಟರ್ ಉರಿಸುವುದು ತೂತು ಕೊಡದಲ್ಲಿ ನೀರು ಸೇದಿದಂತೆ.

ಬೆಳಗಿನ ಲಿಂಗಪೂಜೆಗೆ ಮುನ್ನ ಮನೆಮಂದಿಯೆಲ್ಲ ಸ್ನಾನ ಮಾಡುವ ನಮ್ಮ ಕುಟುಂಬಗಳಲ್ಲಿ ಬಿಸಿನೀರಿನ ಲೆಕ್ಕವೂ ಸಣ್ಣದಲ್ಲ. 20 ಲೀಟರಿನ ಬಕೆಟ್ಟಿನ ನೀರನ್ನು 20 ಡಿಗ್ರಿಯಷ್ಟು ಬಿಸಿಯೇರಿಸಲು ಅರ್ಧ ಯೂನಿಟ್ ಬೇಕು. ಐದು ಜನರಿಗೆ ತಿಂಗಳಿಗೆ 70 ಯೂನಿಟ್. ಹಿಂದೆ ತಾಮ್ರದ ಹಂಡೆಯನ್ನು ಕತ್ತಿನವರೆಗೆ ಮಣ್ಣಿನ ಒಲೆಯಲ್ಲಿ ಹುಗಿಯುತ್ತಿದ್ದರು. ರಾತ್ರಿ ಕಾಸಿದ ನೀರು ಬೆಳಗ್ಗೆಯೂ ಉಗುರುಬೆಚ್ಚಗಿರುತ್ತಿತ್ತು. ಸೋಲಾರ್ ಹೀಟರಿನ ಗುಟ್ಟೂ ಅದೇ. ಬಿಸಿಲು ನೀರನ್ನು ಕಾಸುತ್ತದೆ, ಟ್ಯಾಂಕಿನ ಸುತ್ತಲಿನ ಹೊದಿಕೆ ಅದನ್ನು ಮರುದಿನ ಬೆಳಗ್ಗೆವರೆಗೆ ಕಾಯುತ್ತದೆ. ಆದರೆ ಟ್ಯಾಂಕಿನಿಂದ ಬಚ್ಚಲಿಗೆ ಬರುವ ನಳಿಗೆಯನ್ನು ಬಹುತೇಕರು ಬರಿದಾಗಿ ಬಿಟ್ಟು, ಚಳಿಗಾಲದಲ್ಲಿ ಮೊದಲ ಬಕೆಟ್ಟನ್ನು ಮೋರಿಗೆ ಸುರಿಯುತ್ತಾರೆ. ನಳಿಗೆಗೆ ಸುತ್ತುವ ನೊರೆಯ ಕೊಳವೆ ಪೇಟೆಯಲ್ಲಿ ಸಿಗುತ್ತದೆ.

ಈ ವರ್ಷದ ಮಟ್ಟಿಗೆ ಗುಬ್ಬಿಯ ಆ ಹಿರಿಯರ ಮಂಚವನ್ನು ಹೊರಗೋಡೆಯಿಂದ ದೂರ, ಮನೆಯ ನಡುವಿನ ಕೋಣೆಗೆ ಸರಿಸಿ. ಹಾಸಿಗೆಯ ಕೆಳಗೂ ಒಂದು ಕಂಬಳಿ ಹಾಸಿ, ಶಾಖ ಕೆಳಗಿನಿಂದಲೂ ಹೋಗುತ್ತದೆ. ಕಿಟಕಿಗೆ ದಪ್ಪ ಪರದೆ ಇರಲಿ, ಮೇಲಿನ ಗಾಳಿಕಿಂಡಿಯನ್ನು ಮುಚ್ಚಬೇಡಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ. ಆ ನಂತರ ಮುಂಗಾರಿಗೆ ಮೊದಲು ತಾರಸಿಯ ಕೆಲಸ ಹಿಡಿಯಿರಿ. ಮಳೆ ಹಿಡಿದ ಮೇಲೆ ನೀರುತಡೆಯ ಲೇಪ ಕೂರುವುದಿಲ್ಲ.

ಇನ್ನೊಂದು ಮಾತು, ಬಾಡಿಗೆಗೆ ಮನೆ ಕೊಟ್ಟಿರುವ ಭಕ್ತರಿಗೆ. ಅಂತರಸನಹಳ್ಳಿ, ವಸಂತನರಸಾಪುರಗಳ ಕಾರ್ಖಾನೆಗಳಿಗೆ ದುಡಿಯಲು ಬಂದ ಎಷ್ಟೋ ಸಂಸಾರಗಳು ಶೀಟಿನ ಮನೆಗಳಲ್ಲಿವೆ. ಬರಿಯ ಶೀಟು ತಾರಸಿಗಿಂತಲೂ ಕೆಟ್ಟದ್ದು. ಅದರ ಕೆಳಗೆ ತೊಟ್ಟಿಲ ಕೂಸು ಮಲಗಿರುತ್ತದೆ. ಬಾಡಿಗೆ ಎಣಿಸಿಕೊಳ್ಳುವವರು ಶೀಟಿನ ಕೆಳಗೆ ಅರ್ಧ ಅಡಿ ಎಡೆ ಬಿಟ್ಟು ಸುಲಭವಾಗಿ ಬೆಂಕಿ ಹತ್ತದ ಹಲಗೆಯ ಮುಚ್ಚಿಗೆಯನ್ನು ಹಾಕಿಸಿಕೊಡಲಿ. ಒಣಗಿದ ಸೋಗೆಯನ್ನೋ ಗೋಣಿಯನ್ನೋ ಅಲ್ಲಿ ತುರುಕಬೇಡಿ. ವಿದ್ಯುತ್ ತಂತಿ ಹಾದಿರುವ ಕಡೆ ಅದು ಬೆಂಕಿಗೆ ಆಹಾರ. ಬಾಡಿಗೆದಾರರು ಕೇಳುವವರೆಗೆ ಕಾಯಬೇಕಾಗಿಲ್ಲ, ಅವರು ಕೇಳುವುದೂ ಇಲ್ಲ.