ಪ್ರತಿಮೆಯನ್ನು ನೋಡಿ ಭಕ್ತರನ್ನು ಅಳೆಯಬಾರದು

2019ರ ಅಕ್ಟೋಬರ್ 21ರ ಮುಂಜಾನೆ ಇಬ್ಬರು ಗಂಡಸರು ವ್ಯಾಟಿಕನ್ ಪಕ್ಕದ ಸಾಂತಾ ಮರಿಯಾ ಇನ್ ಟ್ರಾಸ್ಪೊಂಟಿನಾ ಇಗರ್ಜಿಗೆ ಹೊಕ್ಕು, ಅಲ್ಲಿಟ್ಟಿದ್ದ ಬಸುರಿ ಹೆಂಗಸಿನ ಮರದ ಪ್ರತಿಮೆಗಳನ್ನು ಎತ್ತಿಕೊಂಡು ಹೋಗಿ ತೈಬರ್ ನದಿಗೆ ಎಸೆದರು. ಅದರ ವಿಡಿಯೊ ಮಾಡಿ ಜಗತ್ತಿಗೂ ತೋರಿಸಿದರು. ಅಮೆಜಾನ್ ಪ್ರದೇಶದ ಬಿಷಪರ ಸಭೆಗೆಂದು ಬಂದಿದ್ದ ಮೂಲನಿವಾಸಿ ಕ್ರೈಸ್ತರು ತಂದ ಪ್ರತಿಮೆಗಳವು. ಆ ತಿಂಗಳ ಮೊದಲಲ್ಲಿ ವ್ಯಾಟಿಕನ್ ಉದ್ಯಾನದಲ್ಲಿ ಅವುಗಳ ಸುತ್ತ ಜನ ಮಂಡಿಯೂರಿದ್ದರು. ಆಗಿನಿಂದಲೇ ವಿಗ್ರಹಾರಾಧನೆ ಎಂಬ ಕೂಗು ಎದ್ದಿತ್ತು. ಅಲ್ಲಿ ವಿಗ್ರಹಾರಾಧನೆಯ ಉದ್ದೇಶ ಇರಲಿಲ್ಲ ಎಂದು ಪೋಪ್ ಫ್ರಾನ್ಸಿಸ್ ಹೇಳಿದರು, ನಡೆದದ್ದಕ್ಕೆ ಕ್ಷಮೆ ಕೇಳಿದರು. ಆದರೂ ಕೂಗು ಅಡಗಲಿಲ್ಲ. ಪ್ರತಿಮೆಗಳನ್ನು ಎಸೆದವರು, ಆ ಕೆಲಸವನ್ನು ಕೊಂಡಾಡಿದವರು ಕ್ಯಾಥೊಲಿಕರೇ ಎಂಬುದನ್ನು ಗಮನಿಸಬೇಕು. ಯಾವ ಸಮುದಾಯ ಮಾತೆ ಮರಿಯಳ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚಿದ್ದಕ್ಕೆ ಐನೂರು ವರ್ಷಗಳಿಂದ ಇದೇ ಆರೋಪವನ್ನು ಕೇಳುತ್ತ ಬಂದಿದೆಯೋ, ಅದೇ ಸಮುದಾಯದ ಕೆಲವರು ಆ ಆರೋಪವನ್ನು ಇನ್ನೊಬ್ಬರ ಮೇಲೆ ಹೊರಿಸಿದರು. ಕಲ್ಲು, ಮರ, ಲೋಹವನ್ನು ನೋಡಿ ವಿಗ್ರಹಾರಾಧನೆಯನ್ನು ಗುರುತಿಸಲು ಯಾರಿಗೂ ಸಾಧ್ಯವಿಲ್ಲ ಎಂಬುದು ನನ್ನ ವಾದ. ಕ್ಯಾಥೊಲಿಕರು ತಮ್ಮ ಪ್ರತಿಮೆಗಳ ಪರವಾಗಿ ಹೇಳಿಕೊಂಡು ಬಂದಿರುವ ಸಮರ್ಥನೆ ನ್ಯಾಯವಾದದ್ದು. ನ್ಯಾಯವಾದದ್ದು ಎಂದಮೇಲೆ ಅದು ಅವರೊಬ್ಬರಿಗೇ ಮೀಸಲಾಗಿ ಉಳಿಯಲಾರದು.

ಆರೋಪ ಮಾಡುವವರು ಮೊದಲು ತೆರೆಯುವುದು ಬೈಬಲಿನ ಹತ್ತು ಆಜ್ಞೆಗಳನ್ನು. ಆಕಾಶದಲ್ಲಾಗಲಿ ಭೂಮಿಯಲ್ಲಾಗಲಿ ನೀರಿನಲ್ಲಾಗಲಿ ಇರುವ ಯಾವುದರ ರೂಪವನ್ನೂ ಮಾಡಬಾರದು, ಅದಕ್ಕೆ ಅಡ್ಡಬೀಳಬಾರದು ಎಂದು ದೇವರು ಮೋಶೆಯ ಮೂಲಕ ಕೊಟ್ಟ ಅಪ್ಪಣೆ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿದೆ. ಸ್ಪಷ್ಟವಾಗಿಯೇ ಇದೆ. ಆದರೆ ಅಲ್ಲಿಂದ ಐದು ಅಧ್ಯಾಯ ಮುಂದೆ, ಆಜ್ಞಾಶಾಸನಗಳ ಮಂಜೂಷದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳನ್ನು, ಅಂದರೆ ದೇವದೂತರ ರೂಪಗಳನ್ನು, ಚಿನ್ನದಲ್ಲಿ ಮಾಡಿಸು ಎಂದು ಅದೇ ದೇವರು ಅದೇ ಮೋಶೆಗೆ ಹೇಳುತ್ತಾನೆ. ಜೆರುಸಲೇಮಿನಲ್ಲಿ ಸೊಲೊಮೋನ ಕಟ್ಟಿಸಿದ ದೇವಾಲಯದಲ್ಲಿ ದೊಡ್ಡ ನೀರಿನ ತೊಟ್ಟಿಯನ್ನು ಹೊತ್ತು ನಿಂತದ್ದು ಹನ್ನೆರಡು ಲೋಹದ ಎತ್ತುಗಳು. ಅವನ ನಂತರ ಯಾರೊಬ್ಬಾಮ ಬೇತೇಲ್ ಮತ್ತು ದಾನ್ ಊರುಗಳಲ್ಲಿ ಎರಡು ಚಿನ್ನದ ಕರುಗಳನ್ನು ನಿಲ್ಲಿಸಿದಾಗ ಅದು ಮಹಾಪಾಪ ಎನಿಸಿತು. ಹನ್ನೆರಡು ಎತ್ತು ಒಪ್ಪಿಗೆಯಾದವು, ಎರಡು ಕರು ಒಪ್ಪಿಗೆಯಾಗಲಿಲ್ಲ. ಎರಡೂ ಲೋಹವೇ, ಎರಡೂ ದನದ ರೂಪವೇ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಂಚಿನ ಸರ್ಪದ್ದು. ಮರುಭೂಮಿಯಲ್ಲಿ ಹಾವು ಕಚ್ಚಿಸಿಕೊಂಡವರು ನೋಡಿ ಬದುಕಲಿ ಎಂದು ದೇವರ ಅಪ್ಪಣೆಯಂತೆ ಮೋಶೆಯೇ ಅದನ್ನು ಮಾಡಿ ಕಂಬಕ್ಕೇರಿಸಿದ. ಶತಮಾನಗಳ ನಂತರ ಜನ ಅದಕ್ಕೇ ಧೂಪ ಹಾಕತೊಡಗಿದಾಗ ದೊರೆ ಹಿಜ್ಕೀಯ ಅದನ್ನು ಒಡೆದು ಹಾಕಿದ. ಅವನು ಮಾಡಿದ್ದು ಸರಿ ಎಂದು ಬೈಬಲ್ ಮೆಚ್ಚುತ್ತದೆ, ಮೋಶೆ ಮಾಡಿದ್ದು ತಪ್ಪು ಎಂದು ಎಲ್ಲಿಯೂ ಹೇಳುವುದಿಲ್ಲ. ಕಂಚು ಬದಲಾಗಿರಲಿಲ್ಲ, ರೂಪವೂ ಬದಲಾಗಿರಲಿಲ್ಲ. ಬದಲಾದದ್ದು ಅದರ ಮುಂದೆ ನಿಂತವರ ನಡೆ. ಪ್ರತಿಮೆ ಇದೆಯೋ ಇಲ್ಲವೋ ಎಂದು ನೋಡಿ ತೀರ್ಪು ಕೊಡುವವರಿಗೆ ಅವರು ನಂಬಿದ ಗ್ರಂಥವೇ ಬೆಂಬಲ ಕೊಡುವುದಿಲ್ಲ.

ಕ್ರೈಸ್ತರು ಈ ಪ್ರಶ್ನೆಯನ್ನು ಮೊದಲ ಸಲ ಎದುರಿಸಿದ್ದು ಪ್ರೊಟೆಸ್ಟಂಟರ ಕಾಲದಲ್ಲಲ್ಲ. ಎಂಟನೇ ಶತಮಾನದಲ್ಲಿ ಬೈಜಾಂಟಿಯಂ ಚಕ್ರವರ್ತಿಗಳು ಚಿತ್ರಗಳನ್ನು ಅಳಿಸಿ ಹಾಕಲು ಹೊರಟರು. 754ರಲ್ಲಿ ಹಿಯೆರಿಯಾದಲ್ಲಿ ಸೇರಿದ ಬಿಷಪರು ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟರು. ಚಿತ್ರಗಳನ್ನು ಅಳಿಸುವ ಈ ಹೊರಡುವಿಕೆಗೆ ಆ ಸಭೆಗೂ ಮೊದಲೇ ಎದುರಾಗಿ ಬರೆದವರಲ್ಲಿ ಮುಖ್ಯನಾದವನು ಡಮಾಸ್ಕಸಿನ ಯೊಹಾನ. ಅವನು ಇದ್ದದ್ದು ಖಲೀಫರ ಆಳ್ವಿಕೆಯಲ್ಲಿ, ಹಾಗಾಗಿ ಚಕ್ರವರ್ತಿಯ ಕೈ ಅವನನ್ನು ಮುಟ್ಟಲಿಲ್ಲ. ದೇವರೇ ಮನುಷ್ಯನ ಮೈ ತಾಳಿದ ಮೇಲೆ ಆ ಮೈಯನ್ನು ಚಿತ್ರಿಸುವುದು ತಪ್ಪಾಗಲು ಹೇಗೆ ಸಾಧ್ಯ ಎಂದು ಅವನು ಕೇಳಿದ. ದೇವರಿಗಷ್ಟೇ ಸಲ್ಲುವ ಆರಾಧನೆ ಬೇರೆ, ಚಿತ್ರಕ್ಕೆ ತೋರುವ ಗೌರವ ಬೇರೆ, ಚಿತ್ರಕ್ಕೆ ಸಂದ ಗೌರವ ಚಿತ್ರದಲ್ಲಿರುವವರನ್ನು ಹೋಗಿ ಸೇರುತ್ತದೆ ಎಂಬುದನ್ನು 787ರ ಎರಡನೇ ನೈಸೀಯ ಮಹಾಸಭೆ ಒಪ್ಪಿಕೊಂಡಿತು. ಸುಧಾರಣಾವಾದಿಗಳು 1524ರಲ್ಲಿ ಜ್ಯೂರಿಕ್ಕಿನ ಇಗರ್ಜಿಗಳನ್ನು ಬರಿದು ಮಾಡಿದ ಮೇಲೆ, 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿತು: ಪ್ರತಿಮೆಯೊಳಗೆ ದೈವತ್ವವಾಗಲಿ ಶಕ್ತಿಯಾಗಲಿ ಇದೆಯೆಂದು ನಂಬಬಾರದು, ಪ್ರತಿಮೆಯ ಮೇಲೆ ಭರವಸೆ ಇಡಬಾರದು, ಪ್ರತಿಮೆಯಿಂದ ಏನನ್ನೂ ಬೇಡಬಾರದು.

ಇದೆಲ್ಲ ಪಂಡಿತರ ಪುಸ್ತಕದಲ್ಲಿರುವ ಮಾತು, ಮೇಣದಬತ್ತಿ ಹಚ್ಚುವ ಮುದುಕಿಗೆ ನೈಸೀಯ ಗೊತ್ತೇ ಎಂಬ ಆಕ್ಷೇಪ ಇದೆ. ಇದು ಹಗುರವಾದ ಆಕ್ಷೇಪವಲ್ಲ. ಅದಕ್ಕೆ ಉತ್ತರ ಹುಡುಕಲು ಪುಸ್ತಕ ಬಿಟ್ಟು ಆಚರಣೆಯನ್ನೇ ನೋಡಬೇಕು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್ ಆಚರಿಸುತ್ತಾರೆ. ಅದು ಮರಿಯಳ ಹುಟ್ಟುಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂ ತಂದು ಬಾಲ ಮರಿಯಳ ಪುಟ್ಟ ಪ್ರತಿಮೆಯ ಮುಂದೆ ಹಾಡುತ್ತ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯವರು ಆ ತೆನೆಯ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಒಟ್ಟಿಗೆ ಕೂತು ಪ್ರಾರ್ಥಿಸಿ ಉಣ್ಣುತ್ತಾರೆ. ಆ ದಿನದ ಊಟದಲ್ಲಿ ಮೀನು, ಮಾಂಸ ಇರುವುದಿಲ್ಲ. ಇಷ್ಟೂ ಸಂಭ್ರಮದಲ್ಲಿ ಪ್ರತಿಮೆ ನಡುವೆಯೇ ಇದೆ, ಆದರೆ ಎಲ್ಲವೂ ಪ್ರತಿಮೆಯಲ್ಲಿಗೇ ಮುಗಿಯುವುದಿಲ್ಲ. ಹೂವು ತಾಯಿಗೆ, ತೆನೆ ಮನೆಗೆ, ಕೃತಜ್ಞತೆ ದೇವರಿಗೆ. ಹೂ ಹಾಕುವ ಮಗುವನ್ನು ನಿಲ್ಲಿಸಿ ಈ ಗೊಂಬೆಯೇ ನಿನ್ನ ದೇವರೇ ಎಂದು ಕೇಳಿದರೆ ಅದಕ್ಕೆ ಪ್ರಶ್ನೆಯೇ ಅರ್ಥವಾಗಲಾರದು. ಗಂಡ ತೀರಿಕೊಂಡ ಮೇಲೆ ಅವನ ಫೋಟೊಗೆ ಹಾರ ಹಾಕಿ ಅದರೆದುರು ಮಾತಾಡುವ ಹೆಂಗಸಿಗೆ ಆ ಕಾಗದ ಗಂಡನಲ್ಲ ಎಂದು ನಾವ್ಯಾರೂ ವಿವರಿಸಲು ಹೋಗುವುದಿಲ್ಲ. ಸಾಮಾನ್ಯ ಜನರಿಗೆ ಸಿದ್ಧಾಂತದ ಹೆಸರುಗಳು ಗೊತ್ತಿರದೇ ಇರಬಹುದು, ವ್ಯತ್ಯಾಸ ಗೊತ್ತಿಲ್ಲ ಎನ್ನುವುದು ಅವರಿಗೆ ಮಾಡುವ ಅವಮಾನ.

ಇಲ್ಲಿಯವರೆಗೆ ಕ್ಯಾಥೊಲಿಕರು ನನ್ನ ಮಾತಿಗೆ ತಲೆದೂಗಬಹುದು. ಮುಂದಿನದು ಅವರಿಗೆ ಕಷ್ಟವಾಗಬಹುದು, ಆದರೂ ಹೇಳಲೇಬೇಕು. ಟ್ರೆಂಟ್ ಮಹಾಸಭೆ ಪ್ರತಿಮೆಗಳನ್ನು ಸಮರ್ಥಿಸಿದ ಹೊತ್ತಿಗೇ ಗೋವೆಯಲ್ಲಿ ಅದೇ ಧರ್ಮಸಭೆಯ ಹೆಸರಿನಲ್ಲಿ ದೇಗುಲಗಳು ಉರುಳುತ್ತಿದ್ದವು. ಕುಶಸ್ಥಳಿಯ ಮಂಗೇಶನ ಲಿಂಗವನ್ನು ಭಕ್ತರು 1560ರಲ್ಲಿ ಪೋರ್ಚುಗೀಸರ ಕೈಗೆ ಸಿಗದ ಹಾಗೆ ನದಿಯಾಚೆಯ ಪ್ರಿಯೋಳಕ್ಕೆ ಸಾಗಿಸಿದರು. 1567ರಲ್ಲಿ ಸಾಷ್ಟಿ ಪ್ರಾಂತ್ಯದ ದೇಗುಲಗಳನ್ನು ಸುಟ್ಟು ಕೆಡವಲಾಯಿತು. ಟ್ರೆಂಟಿನ ನಿರ್ಣಯಕ್ಕೂ ಸಾಷ್ಟಿಯ ಬೆಂಕಿಗೂ ನಡುವೆ ಇದ್ದದ್ದು ನಾಲ್ಕೇ ವರ್ಷ. ಪ್ರತಿಮೆಗೆ ಸಂದ ಗೌರವ ಪ್ರತಿಮೆಯಾಚೆಗಿರುವವರನ್ನು ಸೇರುತ್ತದೆ ಎಂಬ ತತ್ವ ಯುರೋಪಿನಲ್ಲಿ ಸತ್ಯವಾಗಿತ್ತು, ಮಾಂಡೋವಿ ಮತ್ತು ಜುವಾರಿ ನದಿಗಳ ದಡದಲ್ಲಿ ಸುಳ್ಳಾಗಿತ್ತು. ಇಂದು ಕರಾವಳಿ ಕರ್ನಾಟಕದಲ್ಲಿರುವ ಗೌಡ ಸಾರಸ್ವತರಲ್ಲೂ ಕೊಂಕಣಿ ಕ್ಯಾಥೊಲಿಕರಲ್ಲೂ ಬಹುಪಾಲು ಜನರ ಪೂರ್ವಜರು ಆ ಗೋವೆಯಿಂದಲೇ ಬಂದವರು. ಹಾಗಾಗಿ ನಮಗಿದು ದೂರದ ದೇಶದ ಚರಿತ್ರೆಯಲ್ಲ. ಇನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪ್ರೊಟೆಸ್ಟಂಟರದ್ದು. ಆ ಪರಂಪರೆಯ ಕಣ್ಣಿಗೆ ದೇವಸ್ಥಾನದ ಮೂರ್ತಿಯೂ ಇಗರ್ಜಿಯ ಪ್ರತಿಮೆಯೂ ಒಂದೇ ದೋಷ. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಇಬ್ಬರಿಗೂ ಒಂದೇ ಅಳತೆ ಹಿಡಿದ ಪ್ರಾಮಾಣಿಕತೆ ಅದರಲ್ಲಿದೆ.

ಹಿಂದೂಗಳ ವಿಷಯ ಬೇರೆ, ಅವರು ಪ್ರಾಣಪ್ರತಿಷ್ಠೆ ಮಾಡಿ ಮೂರ್ತಿಯಲ್ಲಿ ದೇವರೇ ಇದ್ದಾನೆ ಎನ್ನುತ್ತಾರೆ, ನಾವು ಹಾಗೆ ಹೇಳುವುದಿಲ್ಲ ಎಂಬುದು ಕ್ಯಾಥೊಲಿಕ್ ಪಂಡಿತರ ಕೊನೆಯ ಬಾಣ. ಈ ಆಕ್ಷೇಪಕ್ಕೆ ಮೊಂತಿ ಫೆಸ್ತಿನ ಆಸುಪಾಸಿನಲ್ಲೇ ಬರುವ ಗಣೇಶನ ಹಬ್ಬದಲ್ಲಿ ಉತ್ತರವಿದೆ. ಕೆರೆಯ ಜೇಡಿಯಿಂದ ಮಾಡಿದ ಮೂರ್ತಿಗೆ ಆವಾಹನೆ ಮಾಡುತ್ತಾರೆ, ಪೂಜೆ ನಡೆಯುತ್ತದೆ, ಕೊನೆಗೆ ಉತ್ತರಪೂಜೆ ಮಾಡಿ ಮೂರ್ತಿಯನ್ನು ಕೂತ ಜಾಗದಿಂದ ತುಸು ಕದಲಿಸುತ್ತಾರೆ. ಆಮೇಲೆ ಅದೇ ಕೈಗಳು ಅದನ್ನು ಬಾವಿಗೋ ಕೆರೆಗೋ ಬಿಡುತ್ತವೆ. ಮಣ್ಣೇ ದೇವರೆಂದು ನಂಬಿದವರು ಅದನ್ನು ನೀರಿನಲ್ಲಿ ಕರಗಿಸುವುದಿಲ್ಲ. ಬರಮಾಡಿಕೊಳ್ಳುವುದಕ್ಕೂ ಕಳುಹಿಸಿಕೊಡುವುದಕ್ಕೂ ವಿಧಿ ಇದೆ ಎಂದರೆ ಬರುವವನು ಮಣ್ಣಿಗಿಂತ ಮೊದಲೂ ಇದ್ದ, ಮಣ್ಣು ಕರಗಿದ ಮೇಲೂ ಇರುತ್ತಾನೆ ಎಂದೇ ಅರ್ಥ. ಶಿಲಾಮೂರ್ತಿಗೂ ಇದು ಅನ್ವಯಿಸುತ್ತದೆ. ಜೀರ್ಣೋದ್ಧಾರದ ಹೊತ್ತಿನಲ್ಲಿ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಟ್ಟು ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೆ ತರುವ ವಿಧಾನ ಆಗಮಗಳಲ್ಲಿದೆ. ದೇವರನ್ನು ಕಾನೂನಿನ ದೃಷ್ಟಿಯ ವ್ಯಕ್ತಿಯೆಂದು ಒಪ್ಪುವ ನಮ್ಮ ನ್ಯಾಯಾಲಯಗಳು ಕೂಡ ಮೂರ್ತಿ ಭಗ್ನವಾದ ಮಾತ್ರಕ್ಕೆ ದತ್ತಿ ಅಳಿಯುವುದಿಲ್ಲ ಎಂದೇ ಹೇಳಿವೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಕ್ಯಾಥೊಲಿಕರು ಬಲಿಪೂಜೆಯಲ್ಲಿ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆಂದು ನಂಬುತ್ತಾರೆ, ಆ ಪರಮಪ್ರಸಾದದ ಮುಂದೆ ಮಂಡಿಯೂರಿ ದೇವರಿಗೆ ಸಲ್ಲುವ ಆರಾಧನೆಯನ್ನೇ ಸಲ್ಲಿಸುತ್ತಾರೆ. ಹಿಂದೂಗಳು ಮೂರ್ತಿಯ ಬಗ್ಗೆ ಹೇಳುವುದು ಇದಕ್ಕಿಂತ ಹೆಚ್ಚಿನದೇನಲ್ಲ. ಟ್ರೆಂಟಿನ ನಿರ್ಣಯ ಬಂದ 1563ರಲ್ಲೇ ಪ್ರಕಟವಾದ ಪ್ರೊಟೆಸ್ಟಂಟರ ಹೈಡಲ್‌ಬರ್ಗ್ ಪ್ರಶ್ನೋತ್ತರ ಈ ಬಲಿಪೂಜೆಯನ್ನೇ ವಿಗ್ರಹಾರಾಧನೆ ಎಂದು ಶಪಿಸಿತು. ದೈವಸಾನ್ನಿಧ್ಯ ಒಂದು ವಸ್ತುವಿನಲ್ಲಿ ನೆಲೆಸಬಲ್ಲದು ಎಂಬ ನಂಬಿಕೆಯೇ ಅಪರಾಧವಾದರೆ, ಆ ಅಪರಾಧದಿಂದ ಕ್ಯಾಥೊಲಿಕರು ಪಾರಾಗುವುದಿಲ್ಲ. ಅದು ಅಪರಾಧವಲ್ಲ ಎಂದಾದರೆ ಗರ್ಭಗುಡಿಯ ಮುಂದೆ ಕೈಮುಗಿದವರೂ ಅಪರಾಧಿಗಳಲ್ಲ.

ಹಾಗಾದರೆ ವಿಗ್ರಹಾರಾಧನೆ ಎಂಬುದೇ ಇಲ್ಲವೇ, ಎಲ್ಲವೂ ಸರಿಯೇ? ಇಲ್ಲ, ಅದು ಖಂಡಿತ ಇದೆ. ಹಿಜ್ಕೀಯ ಒಡೆದದ್ದು ಸುಮ್ಮನೆ ಅಲ್ಲ. ಆದರೆ ಅವನು ಒಡೆದದ್ದು ತನ್ನ ಜನ ಧೂಪ ಹಾಕುತ್ತಿದ್ದ ಸರ್ಪವನ್ನು. ತಮ್ಮವರ ಭಕ್ತಿಯನ್ನು ತಾವೇ ಒರೆಗೆ ಹಚ್ಚುವ ಈ ಪರೀಕ್ಷೆಯನ್ನು ನಮ್ಮಲ್ಲಿ ಅತ್ಯಂತ ಕಠಿಣವಾಗಿ ಮಾಡಿದವರು ಹನ್ನೆರಡನೇ ಶತಮಾನದ ಶರಣರು. ದೇವಸ್ಥಾನದ ಸ್ಥಾವರಲಿಂಗವನ್ನು ಅವರು ನಿರಾಕರಿಸಿದರು, ಆದರೆ ಲಾಂಛನವೇ ಬೇಡ ಎನ್ನಲಿಲ್ಲ. ಅಂಗೈ ಮೇಲೆ ಇಷ್ಟಲಿಂಗವನ್ನು ಇಟ್ಟುಕೊಂಡರು. ದೇವರನ್ನು ಒಳಗೆ ಕೂಡಿಹಾಕಿ, ಬಾಗಿಲಲ್ಲಿ ಪೂಜಾರಿಯನ್ನು ನಿಲ್ಲಿಸಿ, ಇವರು ಬರಬಹುದು ಅವರು ಬರಬಾರದು ಎಂದು ವಿಂಗಡಿಸುವ ವ್ಯವಸ್ಥೆ ಅವರಿಗೆ ಬೇಡವಾಗಿತ್ತು. ಲಿಂಗ ಕೈಗೆ ಬಂದಾಗ ಆ ಬಾಗಿಲು ಇಲ್ಲವಾಯಿತು. ಇಂದಿಗೂ ದಲಿತರನ್ನು ಹೊಸಿಲಾಚೆ ನಿಲ್ಲಿಸುವ ಗುಡಿಗಳಿವೆ. ಅಲ್ಲಿ ಮನುಷ್ಯನಿಗಿಂತ ಕಲ್ಲು ದೊಡ್ಡದಾಗಿದೆ, ಅದನ್ನು ವಿಗ್ರಹಾರಾಧನೆ ಎನ್ನಲು ನಾನು ಹಿಂಜರಿಯುವುದಿಲ್ಲ. ಹರಕೆಯ ಮೊತ್ತಕ್ಕೆ ತಕ್ಕಷ್ಟು ವರ ಸಿಗುತ್ತದೆಂದು ಜನರನ್ನು ನಂಬಿಸುವ ಪುಣ್ಯಕ್ಷೇತ್ರ, ಅದು ಇಗರ್ಜಿಯಾಗಲಿ ಗುಡಿಯಾಗಲಿ, ಟ್ರೆಂಟ್ ನಿಷೇಧಿಸಿದ್ದನ್ನೇ ಮಾಡುತ್ತಿದೆ. ಪ್ರತಿಮೆಯೇ ಇಲ್ಲದ ಪ್ರಾರ್ಥನಾಮಂದಿರದಲ್ಲೂ ಕಾಣಿಕೆಗೆ ಬದಲಾಗಿ ಸಂಪತ್ತನ್ನು ವಾಗ್ದಾನ ಮಾಡುವ ಬೋಧಕನಿದ್ದರೆ ಅದೇ ದೋಷ ಅಲ್ಲಿಯೂ ಇದೆ. ಇಂಥ ಪರೀಕ್ಷೆಯನ್ನು ಒಳಗಿನವರು ಮಾಡಬೇಕು, ಯಾಕೆಂದರೆ ಭಕ್ತರು ಏನನ್ನು ಬೇಡುತ್ತಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ ಎಂಬುದು ಅವರಿಗೆ ಗೊತ್ತು. ಹೊರಗಿನವರಿಗೆ ಕಾಣುವುದು ಕಲ್ಲು, ಮರ, ಮೇಣದಬತ್ತಿ ಮಾತ್ರ. ಹೊರಗಿನವರು ಆ ಪರೀಕ್ಷೆಗೆ ಇಳಿದಾಗಲೆಲ್ಲ ಅದು ಸಾಷ್ಟಿಯ ಹಾಗೆ ಬೆಂಕಿಯಲ್ಲೋ ತೈಬರಿನ ಹಾಗೆ ನೀರಿನಲ್ಲೋ ಮುಗಿದಿದೆ.

ಕ್ಯಾಥೊಲಿಕ್ ಧರ್ಮಸಭೆಗೆ ಈ ದಾರಿ ಹೊಸದಾಗಿ ಕಡಿಯಬೇಕಾದದ್ದಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಅನ್ಯಧರ್ಮಗಳ ಕುರಿತು ಹೊರಡಿಸಿದ ಘೋಷಣೆ ಹಿಂದೂ ಧರ್ಮದ ಧ್ಯಾನವನ್ನೂ ಭಕ್ತಿಯನ್ನೂ ಗೌರವದಿಂದ ನೆನೆಯುತ್ತದೆ. ವಿಗ್ರಹಾರಾಧನೆಯ ಆರೋಪ ಅದರಲ್ಲಿ ಎಲ್ಲಿಯೂ ಇಲ್ಲ. ಆ ಘೋಷಣೆ ಇನ್ನು ಧರ್ಮೋಪದೇಶದ ತರಗತಿಗೂ ಭಾನುವಾರದ ಪ್ರಬೋಧನೆಗೂ ಇಳಿಯಬೇಕು. ಮೊಂತಿ ಫೆಸ್ತಿನ ಪ್ರತಿಮೆಯನ್ನು ಮಕ್ಕಳಿಗೆ ವಿವರಿಸುವ ಉಪದೇಶಿ ಅದೇ ಪಾಠದಲ್ಲಿ ಪಕ್ಕದ ಮನೆಯ ಗಣಪತಿಯನ್ನೂ ಅದೇ ಮಾತುಗಳಲ್ಲಿ ವಿವರಿಸಲಿ.