ಒಂದು ಸುಳ್ಳಿಗೆ ಒಪ್ಪಿಗೆ, ಎರಡನೆಯದಕ್ಕಲ್ಲ

‘ಸಿನಿಮಾ ಅಲ್ವಾ ಮಾರಾಯ, ಲಾಜಿಕ್ ಎಲ್ಲ ಮನೇಲಿ ಬಿಟ್ಟು ಬಾ.’ ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ವಾರಾಂತ್ಯಕ್ಕೆ ಗೆಳೆಯರೆಲ್ಲ ಸೇರಿ ಸೈನ್ಸ್ ಫಿಕ್ಷನ್ ಆ್ಯಕ್ಷನ್ ಚಿತ್ರಕ್ಕೆ ಹೊರಟರೆ ಈ ಮಾತು ಬಂದೇ ಬರುತ್ತದೆ. ಗುಂಪಿನಲ್ಲಿ ಎಂಜಿನಿಯರ್‌ಗಳಿದ್ದರೆ ಟಿಕೆಟ್ ಬುಕ್ ಮಾಡುವಾಗಲೇ ಎಚ್ಚರಿಕೆ ಸಿಗುತ್ತದೆ. ಇನ್ನೊಂದು ಕಡೆ, ಚಿತ್ರ ಮುಗಿಸಿ ಪಾರ್ಕಿಂಗ್ ತಲುಪುವಷ್ಟರಲ್ಲಿ ಹದಿನೈದು ತಪ್ಪು ಎಣಿಸಿಟ್ಟಿರುವವರೂ ಇದ್ದಾರೆ. ನಿರ್ವಾತದಲ್ಲಿ ಸ್ಫೋಟದ ಸದ್ದು ಹೇಗೆ ಕೇಳಿಸಿತು ಎಂಬಲ್ಲಿಂದ ಅವರ ಪಟ್ಟಿ ಶುರು. ಮೊದಲಿನವರು ಕೇಳಬೇಕಾದ್ದನ್ನೂ ಕೇಳುವುದಿಲ್ಲ, ಎರಡನೆಯವರು ಕೇಳಬೇಕಿಲ್ಲದ್ದನ್ನೂ ಬಿಡುವುದಿಲ್ಲ. ಇಬ್ಬರಿಂದಲೂ ಸಿನಿಮಾಕ್ಕೆ ಉಪಕಾರವಿಲ್ಲ.

ಕಥೆ ಕೇಳುವಾಗ ನಾವು ಅಪನಂಬಿಕೆಯನ್ನು ನಾವಾಗಿಯೇ ಬದಿಗಿಡುತ್ತೇವೆ ಎಂದು ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಬರೆದ. ಇಲ್ಲಿ ‘ನಾವಾಗಿಯೇ’ ಎಂಬುದು ಮುಖ್ಯ. ನಮ್ಮನ್ನು ಯಾರೂ ಮೋಸ ಮಾಡುತ್ತಿಲ್ಲ, ನಾವೇ ಒಪ್ಪಿ ಕೂತಿದ್ದೇವೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ವೇಷಧಾರಿ ರಂಗದಲ್ಲಿ ಎರಡು ಸುತ್ತು ಹಾಕಿದರೆ ಕಾಡು ದಾಟಿ ಇನ್ನೊಂದು ರಾಜ್ಯ ಸೇರಿದ ಎಂದು ನಂಬುತ್ತೇವೆ. ಆದರೆ ಅದೇ ಪ್ರಸಂಗದಲ್ಲಿ ಕರ್ಣ ಕವಚ ಕುಂಡಲ ದಾನ ಕೊಟ್ಟ ಮೇಲೂ ಅದೇ ಕವಚದ ಬಲದಿಂದ ಬದುಕಿ ಉಳಿದರೆ ಸಭೆಯೇ ನಗುತ್ತದೆ. ಕವಚದೊಡನೆ ಹುಟ್ಟುವುದು ಅಸಾಧ್ಯ ಎಂದು ಯಾರೂ ತಕರಾರು ಎತ್ತುವುದಿಲ್ಲ. ಕೊಟ್ಟದ್ದು ಮತ್ತೆ ಹೇಗೆ ಬಂತು ಎಂಬುದಷ್ಟೇ ಪ್ರಶ್ನೆ.

ಸೈನ್ಸ್ ಫಿಕ್ಷನ್ ಚಿತ್ರವೂ ಆರಂಭದಲ್ಲೇ ಒಂದು ದೊಡ್ಡ ಸುಳ್ಳಿಗೆ ಒಪ್ಪಿಗೆ ಕೇಳುತ್ತದೆ. ಕಾಲಯಾನ ಸಾಧ್ಯ ಅನ್ನುತ್ತದೆ, ಸರಿ ಅನ್ನುತ್ತೇವೆ. ಬದಲಿಗೆ ನಾವು ಕೇಳುವುದು ಒಂದೇ: ನೀನು ಹಾಕಿಕೊಂಡ ನಿಯಮವನ್ನು ನೀನೇ ಮುರಿಯಬೇಡ. ಆದ್ದರಿಂದ ವಿಜ್ಞಾನದ ತಪ್ಪು ಬೇರೆ, ಕಥೆಯ ತೂತು ಬೇರೆ. 1999ರ ‘ದಿ ಮ್ಯಾಟ್ರಿಕ್ಸ್’ ನೋಡಿ. ಯಂತ್ರಗಳು ಮನುಷ್ಯರನ್ನು ಬ್ಯಾಟರಿಗಳಂತೆ ಬಳಸುತ್ತವೆ ಎಂಬುದು ಭೌತವಿಜ್ಞಾನದ ಪ್ರಕಾರ ನಷ್ಟದ ವ್ಯಾಪಾರ. ಸುಮ್ಮನೆ ಮಲಗಿರುವ ದೇಹ ಹೊರಹಾಕುವ ಶಾಖ ಸುಮಾರು 100 ವ್ಯಾಟ್. ಅದಕ್ಕೆ ಉಣಿಸಿದ್ದಕ್ಕಿಂತ ಹೆಚ್ಚು ಶಕ್ತಿ ಅದರಿಂದ ಮರಳಿ ಸಿಗುವುದಿಲ್ಲ. ಇದು ವಿಜ್ಞಾನದ ತಪ್ಪು. ಕಥೆಯ ತೂತು ಇನ್ನೊಂದು ಕಡೆ ಇದೆ. ಮ್ಯಾಟ್ರಿಕ್ಸ್ ಒಳಗೆ ಹೋದವರನ್ನು ಹಡಗಿನಲ್ಲಿ ಕುಳಿತ ಆಪರೇಟರ್ ಒಬ್ಬ ಹೊರತರಬೇಕು ಎಂದು ಚಿತ್ರವೇ ತೋರಿಸುತ್ತದೆ. ಹಾಗಿದ್ದರೆ ದ್ರೋಹಿ ಸೈಫರ್ ಯಾರಿಗೂ ತಿಳಿಯದಂತೆ ಏಜೆಂಟ್ ಸ್ಮಿತ್ ಜೊತೆ ಹೋಟೆಲಿನಲ್ಲಿ ಕೂತು ಊಟ ಮಾಡಿ ವಾಪಸು ಬಂದದ್ದು ಹೇಗೆ? ಉತ್ತರ ಇಲ್ಲ.

ಎಲ್ಲ ತೂತುಗಳೂ ಒಂದೇ ತೂಕದವಲ್ಲ. 1984ರ ‘ದಿ ಟರ್ಮಿನೇಟರ್’ನಲ್ಲಿ 2029ರಿಂದ ಬಂದ ಕೈಲ್ ರೀಸ್ ಪೊಲೀಸರಿಗೆ ಒಂದು ನಿಯಮ ಹೇಳುತ್ತಾನೆ: ಜೀವವಿಲ್ಲದ್ದು ಕಾಲ ದಾಟಿ ಬರಲಾರದು. ಅದಕ್ಕೇ ಅವನ ಬಳಿ ಆಯುಧವಿಲ್ಲ, ಅದಕ್ಕೇ ಯಂತ್ರದ ಮೇಲೆ ಮಾಂಸದ ಹೊದಿಕೆ. 1991ರ ಎರಡನೇ ಭಾಗದಲ್ಲಿ ಪೂರ್ತಿ ದ್ರವಲೋಹದ ಟಿ-1000 ಬಂದು ಇಳಿಯುತ್ತದೆ. ಮಾಂಸದ ಚೂರೂ ಇಲ್ಲ. ನಿಯಮ ಮುರಿದದ್ದು ಸ್ಪಷ್ಟ. ಆದರೂ ಎರಡನೇ ಭಾಗವೇ ಮೊದಲನೆಯದಕ್ಕಿಂತ ಚೆನ್ನಾಗಿದೆ ಎನ್ನುವವರು ಬಹಳ.

ಯಾಕೆಂದರೆ ಆ ತೂತಿನಿಂದ ಒಳಗೆ ಬಂದದ್ದು ಅಪಾಯ. ನಾಯಕರಿಗೆ ಕಷ್ಟ ಹೆಚ್ಚಾಯಿತು, ನಾವು ಕುರ್ಚಿಯ ತುದಿಗೆ ಸರಿದೆವು. ಸೈಫರ್‌ನ ಊಟವೂ ಹಾಗೆಯೇ. ಅದು ಅನಾಹುತದ ಬೀಜ, ಆದ್ದರಿಂದ ಕ್ಷಮಿಸುತ್ತೇವೆ. ಕಷ್ಟ ತರುವ ತೂತನ್ನು ಪ್ರೇಕ್ಷಕ ಕ್ಷಮಿಸುತ್ತಾನೆ, ಕಷ್ಟದಿಂದ ಪಾರು ಮಾಡುವ ತೂತನ್ನು ಕ್ಷಮಿಸುವುದಿಲ್ಲ.

1996ರ ‘ಇಂಡಿಪೆಂಡೆನ್ಸ್ ಡೇ’ ಎಡವಿದ್ದು ಇಲ್ಲೇ. ಅನ್ಯಗ್ರಹದವರ ಹಡಗುಗಳ ರಕ್ಷಾಕವಚವನ್ನು ಅಣುಬಾಂಬ್ ಕೂಡ ಭೇದಿಸುವುದಿಲ್ಲ ಎಂದು ಚಿತ್ರ ಗಟ್ಟಿಯಾಗಿ ಸ್ಥಾಪಿಸುತ್ತದೆ. ಕೊನೆಗೆ ಡೇವಿಡ್ ಲೆವಿನ್ಸನ್ ತನ್ನ ಆ್ಯಪಲ್ ಲ್ಯಾಪ್‌ಟಾಪಿನಲ್ಲಿ ಬರೆದ ವೈರಸ್ಸನ್ನು ಅವರ ತಾಯಿಹಡಗಿಗೆ ಅಪ್‌ಲೋಡ್ ಮಾಡುತ್ತಾನೆ, ಕವಚ ಬಿದ್ದುಹೋಗುತ್ತದೆ! ಒಂದೇ ಕಚೇರಿಯ ಎರಡು ಸಿಸ್ಟಂಗಳು ಪರಸ್ಪರ ಮಾತಾಡಲು ನಾಲ್ಕು ಮೀಟಿಂಗ್, ಎರಡು ವಾರ ಬೇಕು ಎಂದು ಈ ಅಂಕಣದ ಅರ್ಧ ಓದುಗರಿಗೆ ಗೊತ್ತು. ಆದರೆ ಮುಖ್ಯ ತಕರಾರು ತಾಂತ್ರಿಕವಲ್ಲ. ಎರಡು ಗಂಟೆ ಕಟ್ಟಿದ ಭಯವನ್ನು ಚಿತ್ರ ತಾನೇ ಎರಡು ನಿಮಿಷದಲ್ಲಿ ಅಗ್ಗ ಮಾಡಿತು. ಚಿತ್ರ ಭರ್ಜರಿಯಾಗಿ ಓಡಿತು, ನಿಜ. ಆದರೆ ಇಂದಿಗೂ ಅದರ ಹೆಸರೆತ್ತಿದರೆ ಆ ಲ್ಯಾಪ್‌ಟಾಪಿನ ಜೋಕ್ ಜೊತೆಗೇ ಬರುತ್ತದೆ.

ಇದಕ್ಕೆ ಎದುರಾಗಿ 2010ರ ತಮಿಳು ಚಿತ್ರ ‘ಎಂದಿರನ್’ ಇಟ್ಟು ನೋಡಿ. (ಅದಕ್ಕೂ ಮೊದಲೇ, 2002ರಲ್ಲಿ, ಉಪೇಂದ್ರ ಕನ್ನಡದ ‘ಹಾಲಿವುಡ್’ ಚಿತ್ರದಲ್ಲಿ ರೋಬಾಟ್ ಆಗಿದ್ದರು ಎಂಬುದನ್ನು ಚೆನ್ನೈ ಗೆಳೆಯರಿಗೆ ನೆನಪಿಸಲು ಅಡ್ಡಿಯಿಲ್ಲ.) ಕೊನೆಯಲ್ಲಿ ನೂರಾರು ರೋಬಾಟ್‌ಗಳು ಸೇರಿ ಚೆಂಡಾಗುತ್ತವೆ, ಹಾವಾಗುತ್ತವೆ. ಲೆಕ್ಕ ಹಾಕಿದರೆ ಒಂದೂ ನಡೆಯುವಂಥದ್ದಲ್ಲ. ಆದರೆ ಕಥೆಯ ಬೆನ್ನೆಲುಬು ಗಟ್ಟಿ. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಹಾಗೆಯೇ ಎತ್ತಿ ತಂದು ಜನರ ಮುಂದೆ ನಿಲ್ಲಿಸುತ್ತಾನೆ. ನಾಚಿಕೆ ಎಂದರೇನು ಎಂದು ಅವನಿಗೆ ಗೊತ್ತಿಲ್ಲ. ಅವಮಾನದಿಂದ ಓಡಿದ ಹುಡುಗಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಅದಕ್ಕಾಗಿ ವಿಜ್ಞಾನಿ ಅವನಿಗೆ ಭಾವನೆ ಕಲಿಸುತ್ತಾನೆ, ಕಲಿತ ಭಾವನೆ ವಿಜ್ಞಾನಿಯ ಪ್ರೇಯಸಿಯ ಮೇಲೆಯೇ ಪ್ರೀತಿಯಾಗುತ್ತದೆ. ಒಂದರಿಂದ ಒಂದು ಹುಟ್ಟುತ್ತದೆ. ಹಾಗಾಗಿ ಹಾವಾದರೂ ಚೆಂಡಾದರೂ ಸೀಟಿ ಹೊಡೆಯುತ್ತೇವೆ.

‘ಲಾಜಿಕ್ ಮನೇಲಿ ಬಿಟ್ಟು ಬಾ’ ಎಂಬ ಮಾತು ಬಿಡಬೇಕು ಎನ್ನುವುದು ಇದಕ್ಕೇ. ಗೆಳೆಯರು ಹೇಳಿದರೆ ತಮಾಷೆ. ಸಿನಿಮಾ ಮಾಡುವವರೇ ಅದನ್ನು ನಂಬಿದರೆ ನಷ್ಟ ನಮಗೆ. ಗ್ರಾಫಿಕ್ಸ್‌ಗೆ ಕೋಟಿಗಳು ಬೇಕು. ನಾಯಕ ಇಲ್ಲಿ ಹೇಗೆ ಪಾರಾದ ಎಂದು ಚಿತ್ರಕಥೆಯನ್ನು ಇನ್ನೊಮ್ಮೆ ಓದಿ ಕೇಳಲು ಒಬ್ಬ ಬರಹಗಾರ, ಒಂದಷ್ಟು ಸಮಯ ಸಾಕು. ಪ್ರೇಕ್ಷಕ ಆ ಪ್ರಶ್ನೆ ಕೇಳುವುದೇ ಇಲ್ಲ ಎಂದಾದರೆ ಆ ಸಮಯವನ್ನು ಯಾವ ನಿರ್ಮಾಪಕ ಕೊಡುತ್ತಾನೆ? ಕನ್ನಡ ಚಿತ್ರಗಳೂ ಈಗ ಐದು ಭಾಷೆಯಲ್ಲಿ ಬಿಡುಗಡೆಯಾಗುತ್ತಿವೆ. ಪಕ್ಕದ ಸೀಟಿನ ಮರಾಠಿ, ತೆಲುಗು ಸಹೋದ್ಯೋಗಿಗೆ ಸ್ಟಾರ್ ಮೇಲಿನ ನಮ್ಮ ಅಭಿಮಾನ ಇರುವುದಿಲ್ಲ. ಅವರನ್ನು ಹಿಡಿದು ಕೂರಿಸಬೇಕಾದದ್ದು ಕಥೆಯೇ.

ತಪ್ಪು ಎಣಿಸುವ ಗೆಳೆಯರಿಗೂ ಒಂದು ಮನವಿ. ನಿರ್ವಾತದ ಸದ್ದು, ಬ್ಯಾಟರಿಯ ಲೆಕ್ಕ ಬಿಟ್ಟುಬಿಡಿ. ಎರಡನ್ನೇ ಕೇಳಿ. ಚಿತ್ರ ತನ್ನದೇ ನಿಯಮ ಮುರಿಯಿತೇ? ಮುರಿದದ್ದು ನಾಯಕನಿಗೆ ಸುಲಭವಾಗಲಿ ಎಂದೇ? ಎರಡಕ್ಕೂ ‘ಹೌದು’ ಎಂದು ಬಂದರೆ ಸುಮ್ಮನಿರಬೇಡಿ. ನೀವು ಕೊಟ್ಟದ್ದು ಟಿಕೆಟ್ ದುಡ್ಡಷ್ಟೇ ಅಲ್ಲ, ನಂಬಿಕೆಯನ್ನೂ ಕೊಟ್ಟಿದ್ದೀರಿ. ಅದಕ್ಕೆ ಲೆಕ್ಕ ಕೇಳುವ ಹಕ್ಕು ನಿಮಗಿದೆ.