ಗುಡ್ಡದ ಸೈಕಲಿಗೆ ಮೊದಲು ಆರೈಕೆ, ಆಮೇಲೆ ಅಲಂಕಾರ

ನಮ್ಮ ಕಡೆಯ ಕೆಲವು ಮನೆಗಳ ಜಗಲಿಯಲ್ಲಿ ಈಚೆಗೆ ಒಂದು ಹೊಸ ಬಗೆಯ ಸೈಕಲು ಕಾಣಸಿಗುತ್ತಿದೆ. ಮುಂದಿನ ಚಕ್ರಕ್ಕೆ ಮೋಟಾರು ಸೈಕಲಿನಂತಹ ದಪ್ಪ ಫೋರ್ಕು, ಫ್ರೇಮಿನ ನಡುವೆ ಇನ್ನೊಂದು ಶಾಕ್ ಅಬ್ಸಾರ್ಬರು, ಎರಡೂಕಾಲು ಎರಡೂವರೆ ಇಂಚು ಅಗಲದ ಹಲ್ಲುಹಲ್ಲಾದ ಟಯರು. ಬೆಂಗಳೂರಿನಲ್ಲೋ ಕೊಲ್ಲಿ ನಾಡುಗಳಲ್ಲೋ ದುಡಿಯುವ ತರುಣರು ಆಸೆಪಟ್ಟು ಕೊಂಡು ತಂದದ್ದು. ಲಕ್ಷ ರೂಪಾಯಿಗೂ ಮಿಕ್ಕಿದ ಬೆಲೆಯನ್ನು ಕೇಳಿದ ಹಿರಿಯರು "ಹಾಗಾದರೆ ಇದರ ಎಂಜಿನು ಎಲ್ಲಿದೆ?" ಎಂದು ಬಗ್ಗಿ ನೋಡುವುದೂ ಉಂಟು.

ತರುಣರ ಈ ಹವ್ಯಾಸವನ್ನು ಹಾಸ್ಯ ಮಾಡುವುದು ಈ ಲೇಖನದ ಉದ್ದೇಶವಲ್ಲ. ಮುರಕಲ್ಲಿನ ಗುಡ್ಡ, ಪಾರೆ, ತೋಟಕ್ಕಿಳಿಯುವ ಕಡಿದಾದ ಓಣಿ ಇವೆಲ್ಲ ನಮ್ಮ ಮನೆಯಂಗಳದಲ್ಲೇ ಇರುವಾಗ ಇಂತಹ ಸೈಕಲು ಏರುವ ಮನಸ್ಸಾಗುವುದು ಸಹಜ. ಮೈಗೂ ಒಳ್ಳೆಯದು. ಆದರೆ ಸೈಕಲು ಮನೆಗೆ ಬಂದು ಆರು ತಿಂಗಳಾಗುವುದರೊಳಗೆ ಅದಕ್ಕೆ ಕಾರ್ಬನ್ ಹ್ಯಾಂಡಲು ಬೇಕು, ಹಗುರವಾದ ಚಕ್ರ ಬೇಕು, ಬಣ್ಣದ ಪೆಡಲು ಬೇಕು ಎಂಬ ಹಂಬಲ ಆರಂಭವಾಗುತ್ತದೆ. ಇರುವುದನ್ನು ಬಿಚ್ಚಿ ತೊಳೆದು ಸರಿಪಡಿಸಬೇಕೆಂಬ ಯೋಚನೆ ಮಾತ್ರ ಬರುವುದಿಲ್ಲ. ಈ ಕ್ರಮ ತಲೆಕೆಳಗಾದುದು ಎಂದು ನಾನು ಹೇಳಬಯಸುತ್ತೇನೆ. ಇದು ಬರಿಯ ಹಣದ ಪ್ರಶ್ನೆಯಲ್ಲ, ಕೈಕಾಲಿನ ಪ್ರಶ್ನೆ.

ಹೀಗೆ ಹೇಳುವುದಕ್ಕೆ ನನಗೆ ಕಾರಣವಿದೆ. ನನ್ನ ಸೋದರಳಿಯನೊಬ್ಬ ಇಂತಹ ಸೈಕಲನ್ನು ಯಾರೋ ಒಂದು ವರ್ಷ ಓಡಿಸಿದ ಮೇಲೆ ಕೊಂಡಿದ್ದ. ಬೋನಸ್ಸಿನ ಹಣ ಕೈಗೆ ಬಂದೊಡನೆ ಅದಕ್ಕೊಂದು ಕಾರ್ಬನ್ ಹ್ಯಾಂಡಲು ಹಾಕಿಸಿದ. ನಮ್ಮಲ್ಲಿಗೆ ಬಂದಿದ್ದಾಗ ಹಿಂದಿನ ಡಿಸ್ಕ್ ಬ್ರೇಕು ಕಿರುಗುಟ್ಟುತ್ತಿತ್ತು. ನಾನು ಬಾಡಿಗೆ ಸೈಕಲಿನ ಕಾಲದವ. ಕಿರುಗುಟ್ಟುವುದಕ್ಕೆಲ್ಲ ಎಣ್ಣೆಯೇ ಮದ್ದು ಎಂಬುದು ನಾವು ಕಲಿತ ವಿದ್ಯೆ. "ಎರಡು ಹನಿ ಎಣ್ಣೆ ಬಿಡು" ಎಂದೆ. "ಮಾವ, ಇದಕ್ಕೆ ಎಣ್ಣೆ ಬಿಡಬಹುದೇ?" ಎಂದು ಅವನು ಅನುಮಾನಿಸಿದ. "ಎಣ್ಣೆ ಬೇಡದ ಸೈಕಲು ಎಲ್ಲಿಯಾದರೂ ಉಂಟೇ?" ಎಂದು ನಾನೇ ಡಿಸ್ಕಿನ ಮೇಲೆ ಎಣ್ಣೆ ಬಿಟ್ಟೆ. ಶಬ್ದ ನಿಂತಿತು. ಮರುದಿನ ಬೆಳಿಗ್ಗೆ ಮನೆಯ ಹಿಂದಿನ ಗುಡ್ಡ ಇಳಿಯುವಾಗ ಬ್ರೇಕೂ ಹಿಡಿಯದೆ ಹೋಯಿತು. ಮುಂದಿನ ಬ್ರೇಕಿನ ಪ್ಯಾಡು ಮೊದಲೇ ಸವೆದು ತಗಡು ಕಾಣುತ್ತಿತ್ತು. ಹುಡುಗನ ಹೆಗಲಿನ ಎಲುಬು ಮುರಿಯಿತು. ಹೊಸ ಹ್ಯಾಂಡಲಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಕೆಲವೇ ನೂರು ರೂಪಾಯಿಯ ಪ್ಯಾಡು ನೋಡದೆ ಹೋದ ತಪ್ಪು ಅವನದು; ತಿಳಿಯದ ವಿಷಯದಲ್ಲಿ ಹಿರಿತನ ತೋರಿಸಿದ ತಪ್ಪು ನನ್ನದು. ಆ ಮೇಲೆ ಈ ಯಂತ್ರವನ್ನು ಕುರಿತು ಓದಿ, ಬಲ್ಲವರನ್ನು ಕೇಳಿ, ಕೈಯಾರೆ ಬಿಚ್ಚಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಈ ಸೈಕಲಿನ ಹುಟ್ಟಿನ ಕಥೆಯಲ್ಲಿಯೇ ಆರೈಕೆಯ ಪಾಠವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1970ರ ದಶಕದ ಕೆಲವು ತರುಣರು ಹಳೆಯ ಗುಜರಿ ಸೈಕಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ಆಟ ಹೂಡಿದರು. 1976ರ ಅಕ್ಟೋಬರಿನಲ್ಲಿ ಅದು ಪಂದ್ಯವಾಯಿತು. ದಾರಿ ಸುಮಾರು ಎರಡು ಮೈಲು, ಇಳಿತ ಸುಮಾರು 1300 ಅಡಿ. ಆ ಸೈಕಲುಗಳಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಹಿಂದಿನ ಹಬ್ಬಿನೊಳಗೆ ಇತ್ತು. ಒಂದೇ ಇಳಿತಕ್ಕೆ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ಆದ್ದರಿಂದ ಆ ದಾರಿಗೇ 'ರೀಪ್ಯಾಕ್', ಅಂದರೆ ಮತ್ತೆ ತುಂಬುವುದು, ಎಂಬ ಹೆಸರು ನಿಂತಿತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಇಂತಹ ಸೈಕಲುಗಳನ್ನು ಮಾರುವ ಉದ್ಯಮ ತೆರೆದರು. ಹೊಸ ಹೊಸ ಸುಧಾರಣೆಗಳೆಲ್ಲ ಬಂದದ್ದು ಗ್ರೀಸು ತುಂಬಿ ತುಂಬಿ ಕೈ ಕಪ್ಪು ಮಾಡಿಕೊಂಡವರಿಂದಲೇ ಎಂಬುದನ್ನು ನಾವು ಗಮನಿಸಬೇಕು.

ಇನ್ನು ಇಂದಿನ ಯಂತ್ರದ ವಿಷಯ. ಪೇಟೆಯಲ್ಲಿ 'ಡಬಲ್ ಶಾಕ್' ಎಂದು ಕಡಿಮೆ ಬೆಲೆಗೆ ಸಿಗುವ ಮಕ್ಕಳ ಸೈಕಲನ್ನು ಇದರೊಂದಿಗೆ ಬೆರೆಸಬಾರದು. ಅದರ ಸ್ಪ್ರಿಂಗಿಗೆ ತೂಕವುಂಟು, ಹದ ಮಾಡುವ ಉಪಾಯವಿಲ್ಲ. ತುಳಿದ ಬಲದ ಒಂದು ಪಾಲನ್ನು ಅದೇ ತಿಂದುಹಾಕುತ್ತದೆ. ಶಾಲೆಗೆ ಹೋಗಿ ಬರುವ ಹುಡುಗನಿಗೆ ಸಾದಾ ಫ್ರೇಮಿನ ಸೈಕಲೇ ಮೇಲು. ನಿಜವಾದ ಗುಡ್ಡದ ಸೈಕಲಿನಲ್ಲಿ ಮುಂದೂ ಹಿಂದೂ 120ರಿಂದ 150 ಮಿಲ್ಲಿಮೀಟರಿನಷ್ಟು ಚಕ್ರ ಮೇಲೆ ಕೆಳಗೆ ಆಡುತ್ತದೆ. ಹೆಚ್ಚಿನವುಗಳಲ್ಲಿ ಸ್ಪ್ರಿಂಗಿನ ಕೆಲಸವನ್ನು ಒತ್ತಿಹಿಡಿದ ಗಾಳಿ ಮಾಡುತ್ತದೆ; ಪುಟಿತವನ್ನು ಒಳಗಿನ ಎಣ್ಣೆ ತಡೆಯುತ್ತದೆ; ಗಾಳಿ ಎಣ್ಣೆಗಳನ್ನು ಕಾಯುವುದು ರಬ್ಬರಿನ ಸೀಲುಗಳು. ಹಿಂದಿನ ಭಾಗ ತಿರುಗುವ ಸಂದುಗಳಲ್ಲಿ ಸಣ್ಣ ಸಣ್ಣ ಬೇರಿಂಗುಗಳಿವೆ. ಆಡುವ ಅಂಗ ಹೆಚ್ಚಿದಷ್ಟು ಆರೈಕೆಯೂ ಹೆಚ್ಚಬೇಕಷ್ಟೆ.

ಅಡಿಕೆಗೆ ಮದ್ದು ಬಿಡುವ ಪಂಪನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ವಾಶರು ನೋಡದೆ, ಮದ್ದು ಬಿಟ್ಟ ಸಂಜೆ ನೀರು ಹಾಯಿಸಿ ತೊಳೆಯದೆ ಯಾವ ಕೃಷಿಕನೂ ಪಂಪನ್ನು ಮೂಲೆಗಿಡುವುದಿಲ್ಲ. ಅದೇ ಬುದ್ಧಿಯನ್ನು ಸೈಕಲಿಗೂ ತೋರಿಸಬೇಕು. ಫೋರ್ಕಿನ ಕೆಳಗಿನ ಕಾಲುಗಳನ್ನು ಕಳಚಿ, ತೊಳೆದು, ಹೊಸ ಎಣ್ಣೆ ಹಾಕುವ ಕೆಲಸವನ್ನು ಐವತ್ತು ಗಂಟೆಯ ಓಟಕ್ಕೊಮ್ಮೆ ಮಾಡಬೇಕೆಂದು ರಾಕ್‌ಶಾಕ್ಸ್ ತಯಾರಕರು ತಿಳಿಸುತ್ತಾರೆ. ಫಾಕ್ಸ್ ತಯಾರಕರ ಲೆಕ್ಕ 125 ಗಂಟೆ ಅಥವಾ ಒಂದು ವರ್ಷ. ಐವತ್ತು ಗಂಟೆ ಎಂದರೆ ಬಹಳ ದೂರವೇನಲ್ಲ. ಶನಿವಾರ ಎರಡು ಗಂಟೆ, ಆದಿತ್ಯವಾರ ಎರಡು ಗಂಟೆ ಓಡಿಸುವವನಿಗೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಕೆಂಪುಮಣ್ಣಿನ ನೀರು ಸೀಲಿನ ತುಟಿಯಲ್ಲಿ ನಿಲ್ಲುವಲ್ಲಿ, ಈ ಗಡುವನ್ನು ಇನ್ನಷ್ಟು ಹಿಂದಕ್ಕೆ ತರುವುದೇ ಲೇಸು. ಮಣ್ಣು ಒಳಗೆ ಹೊಕ್ಕರೆ ಫೋರ್ಕಿನ ನುಣುಪಾದ ಕೊಳವೆ ಸವೆಯುತ್ತದೆ. ಅದು ಸವೆದ ಮೇಲೆ ಎಣ್ಣೆ ಸೀಲುಗಳ ಕಾಸಿನಲ್ಲಿ ಕೆಲಸ ಮುಗಿಯುವುದಿಲ್ಲ.

ತೊಳೆಯುವುದರಲ್ಲಿಯೂ ವಿವೇಕ ಬೇಕು. ಜೀಪು ತೊಳೆಯುವ ರಭಸದ ಪೈಪನ್ನು ಸೈಕಲಿನ ಸಂದುಗಳಿಗೆ ಹಿಡಿದರೆ ನೀರು ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನು ಹೊರದೂಡುತ್ತದೆ. ಒಂದು ಬಾಲ್ದಿ ನೀರು, ಬ್ರಶ್ಶು, ಒಣಬಟ್ಟೆ ಸಾಕು. ವರ್ಷಕ್ಕೊಮ್ಮೆ ಹಿಂದಿನ ಶಾಕನ್ನು ಬಿಚ್ಚಿಟ್ಟು ಹಿಂದಿನ ಭಾಗವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಬೇಕು. ಮರಳು ಅರೆದಂತಾದರೆ, ಅಡ್ಡಕ್ಕೆ ಅಲುಗಾಡಿದರೆ ಬೇರಿಂಗಿನ ಆಯುಷ್ಯ ಮುಗಿದಿದೆ ಎಂದರ್ಥ.

ಬ್ರೇಕಿನ ವಿಷಯದಲ್ಲಿ ನನ್ನಂತೆ ಯಾರೂ ತಪ್ಪಬಾರದು. ಡಿಸ್ಕಿಗಾಗಲಿ ಪ್ಯಾಡಿಗಾಗಲಿ ಎಣ್ಣೆಯ ಸೋಂಕು ಕೂಡದು. ಚೈನಿಗೆ ಎಣ್ಣೆ ಬಿಡುವಾಗಲೂ ಡಿಸ್ಕಿಗೆ ಬಟ್ಟೆ ಮುಚ್ಚಬೇಕು. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಕ್ಷೇಮ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಬಹುದು. ಪ್ಯಾಡಿನ ಮೇಲಿನ ಪದಾರ್ಥ ಅರ್ಧ ಮಿಲ್ಲಿಮೀಟರಿಗೆ ಸವೆದರೆ ಬದಲಿಸಬೇಕು. ಬ್ರೇಕಿನ ಕೊಳವೆಯೊಳಗಿನ ದ್ರವದಲ್ಲಿಯೂ ಎರಡು ಜಾತಿಯಿದೆ. ಶಿಮಾನೋ ಬ್ರೇಕುಗಳಿಗೆ ಖನಿಜ ತೈಲ. ಸ್ರಾಮ್‌ನ ಬಹಳಷ್ಟು ಬ್ರೇಕುಗಳಿಗೆ ಕಾರು ಬೈಕುಗಳ ಡಾಟ್ ದ್ರವ. ಒಂದರ ಬದಲು ಇನ್ನೊಂದನ್ನು ಹೊಯ್ದರೆ ಸೀಲುಗಳು ಉಬ್ಬಿ ಕೆಡುತ್ತವೆ. ಮುಚ್ಚಳದ ಮೇಲೆ ಬರೆದಿರುವುದನ್ನು ಓದದೆ ಕೈಹಾಕಬಾರದು.

ಚೈನನ್ನು ಅಳೆಯಲು ಶಾಲೆಯ ಮಗುವಿನ ಅಡಿಕೋಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಬರುತ್ತದೆ. ಆ ಅಳತೆ ಇಂಚಿನ ಹದಿನಾರರಲ್ಲಿ ಒಂದು ಪಾಲು ಹಿಗ್ಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಸುಮ್ಮನೆ ಓಡಿಸಿದರೆ ಅದು ಹಿಂದಿನ ಗೇರುಚಕ್ರದ ಹಲ್ಲುಗಳನ್ನೂ ತಿನ್ನುತ್ತದೆ. ಆಗ ಚೈನಿನ ಬೆಲೆಯ ಹಲವು ಪಟ್ಟು ತೆರಬೇಕಾಗುತ್ತದೆ.

ಕಾಸು ಖರ್ಚಿಲ್ಲದ ಒಂದು ಸುಧಾರಣೆಯೂ ಇದೆ. ಹೊಸ ಶಾಕ್ ಬೇಕೆನ್ನುವವರು ಇರುವ ಶಾಕಿನ ಗಾಳಿಯನ್ನು ತಮ್ಮ ತೂಕಕ್ಕೆ ಹೊಂದಿಸಿದ್ದಾರೆಯೇ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಶಾಕಿನ ದಂಡಿನಲ್ಲಿ ಒಂದು ರಬ್ಬರು ಬಳೆಯಿದೆ. ಅದನ್ನು ಸೀಲಿಗೆ ತಾಗಿಸಿ, ಓಡಿಸುವಾಗಿನ ಉಡುಪಿನಲ್ಲಿ ಮೆಲ್ಲನೆ ಕುಳಿತು ಇಳಿಯಬೇಕು. ಬಳೆ ಎಷ್ಟು ಸರಿದಿದೆಯೋ ಅಷ್ಟು ತಗ್ಗು. ಹಿಂದೆ ಶಾಕಿನ ಓಟದ ನೂರಕ್ಕೆ 25ರಿಂದ 30, ಮುಂದೆ 15ರಿಂದ 20 ಪಾಲು ತಗ್ಗಿದರೆ ಸಾಮಾನ್ಯವಾಗಿ ಸರಿ. ದಂಡಿನ ಓಟ 50 ಮಿಲ್ಲಿಮೀಟರಾದರೆ ಹಿಂದೆ ಹನ್ನೆರಡರಿಂದ ಹದಿನೈದು ಮಿಲ್ಲಿಮೀಟರು. ಹೆಚ್ಚು ತಗ್ಗಿದರೆ ಗಾಳಿ ತುಂಬಬೇಕು, ಕಡಿಮೆಯಾದರೆ ಬಿಡಬೇಕು. ಇದಕ್ಕೆ ಟಯರಿನ ಪಂಪು ನಡೆಯದು, ಶಾಕಿನದೇ ಸಣ್ಣ ಪಂಪು ಬೇಕು. ಈ ಹತ್ತು ನಿಮಿಷದ ಕೆಲಸದಿಂದ ಸೈಕಲೇ ಬೇರೆಯಾಯಿತೋ ಎಂಬಷ್ಟು ವ್ಯತ್ಯಾಸ ತಿಳಿಯುತ್ತದೆ.

ಹಾಗಾದರೆ ಹೊಸ ಭಾಗ ಹಾಕಿಸಲೇಬಾರದೆ? ಹಾಕಿಸಬಹುದು, ಆದರೆ ಒಂದು ಕ್ರಮವಿರಲಿ. ಮೊದಲ ರೂಪಾಯಿ ನೆಲಕ್ಕೆ ತಾಗುವ ಟಯರಿಗೆ. ಪಾಚಿಗಟ್ಟಿದ ಪಾರೆಯ ಮೇಲೆ ಕಾಪಾಡುವುದು ಮೆದು ರಬ್ಬರಿನ, ಆಳ ಹಲ್ಲಿನ ಟಯರೇ ಹೊರತು ಕಾರ್ಬನ್ ಅಲ್ಲ. ಟ್ಯೂಬಿಲ್ಲದೆ ಒಳಗೆ ದ್ರವ ಹೊಯ್ಯುವ ಕ್ರಮವಾದರೆ ಮುಳ್ಳಿನ ಕಾಟ ಕಡಿಮೆ. ಆ ದ್ರವ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಮತ್ತೆ ತುಂಬಬೇಕು. ಎರಡನೆಯದು ಬ್ರೇಕು: ಒಳ್ಳೆಯ ಪ್ಯಾಡು, ಬೇಕಾದರೆ ದೊಡ್ಡ ಡಿಸ್ಕು. ಮೂರನೆಯದು ಹ್ಯಾಂಡಲಿನ ಗುಂಡಿಯೊತ್ತಿದರೆ ಕೆಳಗಿಳಿಯುವ ಸೀಟು; ಇಳಿಜಾರಿನಲ್ಲಿ ಮೈಯ ಭಾರವನ್ನು ಹಿಂದಕ್ಕೂ ಕೆಳಕ್ಕೂ ತರಲು ಅದರಂತಹ ಸಹಾಯ ಇನ್ನೊಂದಿಲ್ಲ. ಹಗುರವಾದ ಚಕ್ರ, ಕಾರ್ಬನ್ ಹ್ಯಾಂಡಲುಗಳ ಸರದಿ ಇವೆಲ್ಲದರ ನಂತರ.

ಕೊಳ್ಳುವ ಮೊದಲು ಅಳತೆ ನೋಡಬೇಕು. ಚಕ್ರದಲ್ಲಿಯೇ 26, 27.5, 29 ಇಂಚು ಎಂದು ಮೂರು ಬಗೆ. ಹಿಂದಿನ ಹಬ್ಬಿನ ಅಗಲ 142 ಮಿಲ್ಲಿಮೀಟರೂ ಇದೆ, 148 ಮಿಲ್ಲಿಮೀಟರೂ ಇದೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಫ್ರೇಮಿನ ತಯಾರಕರು ಹೇಳಿದ ಮಿತಿಗಿಂತ ಉದ್ದದ ಫೋರ್ಕು ತೊಡಿಸಿದರೆ ಫ್ರೇಮಿನ ಕುತ್ತಿಗೆಯ ಮೇಲೆ ಬಲ ಹೆಚ್ಚುತ್ತದೆ.

ಇಷ್ಟೆಲ್ಲ ಬಲ್ಲವರು ಇಲ್ಲಿ ಯಾರಿದ್ದಾರೆ ಎಂದು ಕೆಲವರು ಕೇಳಬಹುದು. ಮಾತು ಪೂರಾ ಸುಳ್ಳಲ್ಲ. ಶಾಕಿನ ಒಳಗಿನ ಎಣ್ಣೆಯ ಭಾಗವನ್ನು ಬಿಚ್ಚಲು ವಿಶೇಷ ಸಲಕರಣೆಯೂ ತರಬೇತಿಯೂ ಬೇಕು. ಅದನ್ನು ದೊಡ್ಡ ನಗರಕ್ಕೆ ಕಳುಹಿಸಬೇಕಾಗುತ್ತದೆ. ಆದರೆ ತೊಳೆಯುವುದು, ಅಳೆಯುವುದು, ಪ್ಯಾಡು ಚೈನು ಬದಲಿಸುವುದು, ಗಾಳಿ ಹೊಂದಿಸುವುದು ಇವೆಲ್ಲ ಮನೆಯಂಗಳದಲ್ಲೇ ಆಗುವ ಕೆಲಸ. ಚಿಮಿಣಿ ಎಣ್ಣೆಯಲ್ಲಿ ಬಾಲ್ಸುಗಳನ್ನು ತೊಳೆದು ಓವರಾಯಿಲ್ ಮಾಡುತ್ತಿದ್ದ ನಮ್ಮ ಹಳೆಯ ಸೈಕಲ್ ಶಾಪಿನವರ ಕೈಗೆ ಈ ಕೆಲಸದ ಅರ್ಧ ವಿದ್ಯೆ ಆಗಲೇ ಬಂದಿದೆ. ಉಳಿದರ್ಧವನ್ನು ಸೈಕಲು ತಂದ ತರುಣರು ಅವರ ಜತೆ ಕುಳಿತು ಹಂಚಿಕೊಂಡರೆ ಇಬ್ಬರಿಗೂ ಲಾಭ.

ಇನ್ನೊಂದು ಸೂಚನೆ. ಶಾಕಿನ ಪಂಪು, ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕೆಂದು ತೋರಿಸುವ ಟಾರ್ಕ್ ಸ್ಪಾನರು ಇವನ್ನೆಲ್ಲ ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ. ಊರಿನ ನಾಲ್ಕೈದು ಮಂದಿ ಕೂಡಿ ಒಂದು ಜತೆ ಕೊಂಡು ಯುವಕ ಸಂಘದಲ್ಲಿ ಇಡಬಹುದು. ಜತೆಗೊಂದು ನೋಟುಪುಸ್ತಕವಿರಲಿ. ತಯಾರಕರ ಪುಸ್ತಿಕೆ ಇಂಗ್ಲಿಷಿನಲ್ಲಿರುತ್ತದೆ; ಓದಿ ತಿಳಿದ ಮಕ್ಕಳು ಅದರ ಸಾರವನ್ನು ಮನೆಮಾತಿನಲ್ಲಿ ಅದರಲ್ಲಿ ಬರೆದಿಡಲಿ. ಯಾವ ದಿನ ಎಣ್ಣೆ ಬದಲಾಯಿತು, ಎಷ್ಟು ಗಂಟೆ ಓಡಿತು, ಶಾಕಿನಲ್ಲಿ ಎಷ್ಟು ಗಾಳಿ ಎಂಬ ಲೆಕ್ಕವೂ ಇರಲಿ. ಆಗ ನನ್ನಂತಹ ಹಿರಿಯನೊಬ್ಬ ಎಣ್ಣೆಯ ಗಿಂಡಿ ಹಿಡಿದು ಬಂದರೆ ತಡೆಯುವುದಕ್ಕೆ ಬರಹದ ಆಧಾರವಾದರೂ ಸಿಗುತ್ತದೆ.

ನನ್ನ ಸೋದರಳಿಯನ ಹೆಗಲು ಈಗ ಗುಣವಾಗಿದೆ. ಈ ಸಲ ರಜೆಗೆ ಬಂದವನು ಗುಡ್ಡಕ್ಕೆ ಹೊರಡುವ ಮೊದಲು ಸೈಕಲನ್ನು ಅಂಗಳದಲ್ಲಿ ಮಗುಚಿಟ್ಟು, ಪ್ಯಾಡು ನೋಡಿ, ಅಡಿಕೋಲಿನಿಂದ ಚೈನು ಅಳೆದ. ನನ್ನನ್ನೂ ಕರೆದು ತೋರಿಸಿದ. ಹೊಸದಾಗಿ ಏನು ಹಾಕಿಸಿದೆ ಎಂದು ಕೇಳಿದೆ. "ಈ ವರ್ಷ ಏನೂ ಇಲ್ಲ ಮಾವ, ಸೀಲು ಮತ್ತು ಪ್ಯಾಡು ಮಾತ್ರ" ಎಂದ. ಸೈಕಲಿಗೆ ಹಣ ಹಾಕಲು ಹೊರಟ ಪ್ರತಿಯೊಬ್ಬ ತರುಣನೂ ಈ ಎರಡು ಬಾಬತ್ತುಗಳಿಂದಲೇ ಆರಂಭಿಸಲಿ ಎಂಬುದು ನನ್ನ ವಿನಂತಿ.